ಕ್ಲಸ್ಟರ್ ತಲೆನೋವಿಗೆ ಮಂಜುಗಡ್ಡೆ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು. ನಿಮ್ಮ ಮನೆಯವರನ್ನು ದಯವಿಟ್ಟು ತಡೆಯಬೇಡಿ.

ನೀವು ಹಾವೇರಿಯಿಂದ ಬರೆದದ್ದರ ಸಾರ ಇಷ್ಟು: ಕೆಲವು ವಾರಗಳಿಂದ ಅವರು ರಾತ್ರಿ ಒಂದು ಗಂಟೆಯ ಸುಮಾರಿಗೆ ಬಲಗಣ್ಣು ಹಿಡಿದುಕೊಂಡು ಏಳುತ್ತಾರೆ, ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತಾರೆ, ಫ್ರಿಜ್ಜಿನ ಮಂಜುಗಡ್ಡೆಯನ್ನು ಹಣೆಗೆ ಒತ್ತಿಕೊಂಡು ಮನೆಯೆಲ್ಲ ಓಡಾಡುತ್ತಾರೆ. ವೈದ್ಯರೊಬ್ಬರು ಕ್ಲಸ್ಟರ್ ತಲೆನೋವು (ಒಂದೇ ಕಡೆಯ ಕಣ್ಣಿನ ಸುತ್ತ, ಕೆಲವು ವಾರಗಳ ಕಾಲ ಪದೇಪದೇ ಬಂದು ಆಮೇಲೆ ತಿಂಗಳುಗಟ್ಟಲೆ ಸುಮ್ಮನಿರುವ ತೀವ್ರ ನೋವು) ಇರಬಹುದೆಂದು ಹೇಳಿ ನೋವಿನ ಮಾತ್ರೆ ಕೊಟ್ಟಿದ್ದಾರೆ. ಮೂಗು ಸೋರುತ್ತಿರುವವನಿಗೆ ಮಂಜುಗಡ್ಡೆ ಏಕೆ, ಶೀತ ನೆತ್ತಿಗೇರುತ್ತದೆ ಎಂದು ನಿಮ್ಮ ಅತ್ತೆಯವರು ನೀಲಗಿರಿ ಎಣ್ಣೆ ಹಾಕಿ ಹಬೆ ಕೊಡಲು ಬರುತ್ತಾರೆ. ಇಬ್ಬರಲ್ಲಿ ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಹುಬ್ಬಳ್ಳಿಯಲ್ಲಿ ಹಲವು ವರ್ಷಗಳಿಂದ ಇದೇ ನೋವಿನೊಂದಿಗೆ ಬದುಕುತ್ತಿರುವವನು. ನರರೋಗ ತಜ್ಞರಿಂದ ತಿಳಿದದ್ದನ್ನೂ ನನ್ನ ತಲೆಯೇ ನನಗೆ ಕಲಿಸಿದ್ದನ್ನೂ ಬರೆಯುತ್ತಿದ್ದೇನೆ.

ಮೊದಲು ಅತ್ತೆಯವರ ಆತಂಕದ ವಿಷಯ. ಅದು ಮಗನ ಮೇಲಿನ ಮಮತೆಯಿಂದ ಬಂದದ್ದು, ಅದನ್ನು ಹಳಿಯಬೇಡಿ. ಆದರೆ ಆ ಮೂಗು ಸೋರುವುದು ನೆಗಡಿಯಿಂದಲ್ಲ. ಗಮನಿಸಿ ನೋಡಿ: ನೋವಿರುವ ಕಡೆಯ ಹೊಳ್ಳೆ ಮಾತ್ರ ಸೋರುತ್ತದೆ ಅಥವಾ ಕಟ್ಟಿಕೊಳ್ಳುತ್ತದೆ, ಅದೇ ಕಡೆಯ ಕಣ್ಣು ಕೆಂಪಾಗಿ ನೀರಿಳಿಯುತ್ತದೆ, ಆ ರೆಪ್ಪೆ ಜೋಲುತ್ತದೆ. ನೋವು ನಿಂತೊಡನೆ ಮೂಗೂ ನಿಲ್ಲುತ್ತದೆ. ಯಾವ ನೆಗಡಿಯೂ ಹೀಗೆ ಗಂಟೆಯೊಳಗೆ ಬಂದು ಹೋಗುವುದಿಲ್ಲ. ಮುಖದ ಸಂವೇದನೆಯನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರ ಕೆರಳಿದಾಗ, ಅದರ ಜೊತೆ ಹೊಂದಿಕೊಂಡಿರುವ ಇನ್ನೊಂದು ನರಜಾಲವೂ ಎಚ್ಚರಗೊಂಡು ಕಣ್ಣು, ಮೂಗುಗಳ ಗ್ರಂಥಿಗಳಿಂದ ನೀರು ಹರಿಸುತ್ತದೆ. ಇಷ್ಟೇ ಅದರ ಗುಟ್ಟು. ಮಂಜುಗಡ್ಡೆ ಇಟ್ಟದ್ದರಿಂದ ಅದು ಹೆಚ್ಚುವುದಿಲ್ಲ, ಹಬೆಯಿಂದ ಕಡಿಮೆಯಾಗುವುದೂ ಇಲ್ಲ. ನಮ್ಮಲ್ಲಿ ಕೆಲವರಿಗಂತೂ ಬಿಸಿಯಿಂದ ನೋವು ಇನ್ನಷ್ಟು ಕೆರಳುತ್ತದೆ. ನನಗೂ ಹಾಗೆಯೇ. ಸೈನಸ್ ಎಂದುಕೊಂಡು ವರ್ಷಗಟ್ಟಲೆ ಮೂಗಿಗೆ ಚಿಕಿತ್ಸೆ ಪಡೆದವರು, ಹಲ್ಲಿನ ನೋವೆಂದು ಚೆನ್ನಾಗಿದ್ದ ದವಡೆಹಲ್ಲು ಕೀಳಿಸಿಕೊಂಡವರು ಈ ರೋಗಿಗಳಲ್ಲಿ ಬಹಳ.

ಒಂದೇ ಹೊತ್ತಿಗೆ ಎಬ್ಬಿಸುವುದೂ ಈ ರೋಗದ ಗುರುತು. ದೇಹದ ಗಡಿಯಾರ ಇರುವುದು ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ. ನೋವು ಬಂದಿರುವಾಗ ಆ ಭಾಗದಲ್ಲಿ ಚಟುವಟಿಕೆ ಹೆಚ್ಚುವುದನ್ನು 1998ರಲ್ಲಿ ಮಿದುಳಿನ ಸ್ಕ್ಯಾನ್‌ಗಳಲ್ಲಿ ಕಂಡರು. ಒಂದೊಂದು ಸಲದ ನೋವು ಚಿಕಿತ್ಸೆ ಇಲ್ಲದಿದ್ದರೆ 15 ನಿಮಿಷದಿಂದ 3 ಗಂಟೆಯವರೆಗೆ ಇರುತ್ತದೆ. ದಿನ ಬಿಟ್ಟು ದಿನ ಒಂದು ಸಲದಿಂದ ಹಿಡಿದು ದಿನಕ್ಕೆ ಎಂಟು ಸಲದವರೆಗೂ ಬರಬಹುದು. ಅರೆತಲೆನೋವಿನವರು ಕತ್ತಲ ಕೋಣೆಯಲ್ಲಿ ಅಲುಗಾಡದೆ ಮಲಗಲು ಬಯಸುತ್ತಾರೆ, ಕ್ಲಸ್ಟರ್ ನೋವಿನವರಿಗೆ ಒಂದು ಕಡೆ ಕೂರುವುದೂ ಆಗುವುದಿಲ್ಲ. ನಿಮ್ಮ ಮನೆಯವರು ಓಡಾಡುವುದು ಹುಚ್ಚಾಟವಲ್ಲ, ರೋಗದ ಲಕ್ಷಣ.

ಇನ್ನು ತಂಪು ಏಕೆ ಹಿತವೆನಿಸುತ್ತದೆ? ಹಣೆ ಮತ್ತು ಹುಬ್ಬಿನ ಚರ್ಮಕ್ಕೆ ತಗಲುವ ಚಳಿಯನ್ನು ಮಿದುಳಿಗೆ ಒಯ್ಯುವುದೂ ಅದೇ ಟ್ರೈಜೆಮಿನಲ್ ನರದ ಮೊದಲ ಕವಲು. ಒಂದೇ ಬಾಗಿಲಲ್ಲಿ ಇಬ್ಬರು ಏಕಕಾಲಕ್ಕೆ ನುಗ್ಗಿದರೆ ಒಬ್ಬನ ವೇಗ ತಗ್ಗುವ ಹಾಗೆ, ಚಳಿಯ ಸಂದೇಶ ನೋವಿನ ಸಂದೇಶಕ್ಕೆ ಅಡ್ಡ ಬರುತ್ತದೆ. ತಂಪಾದ ನರದಲ್ಲಿ ಸಂದೇಶ ನಿಧಾನವಾಗಿಯೂ ಸಾಗುತ್ತದೆ, ಚರ್ಮದ ರಕ್ತನಾಳಗಳೂ ಕುಗ್ಗುತ್ತವೆ. ಆದರೆ ನೋವಿನ ಮೂಲ ತಲೆಯ ಒಳಗಿದೆ, ಮಂಜುಗಡ್ಡೆ ಮುಟ್ಟುವುದು ಹೊರಗಿನ ಚರ್ಮವನ್ನು. ಆದ್ದರಿಂದ ತಂಪು ಈ ನೋವನ್ನು ನಿಲ್ಲಿಸುವುದಿಲ್ಲ, ತಾಳಿಕೊಳ್ಳುವ ಹಾಗೆ ಮಾಡುತ್ತದೆ. ನನ್ನ ಅನುಭವದಲ್ಲಿ ಅದರ ನಿಜವಾದ ಬೆಲೆ ಇರುವುದು ಮೊದಲ ಕೆಲವು ನಿಮಿಷಗಳಲ್ಲಿ. ನಿದ್ದೆಯಿಂದ ಎದ್ದು, ಆಮ್ಲಜನಕದ ಮಾಸ್ಕ್ (ಇದರ ಮುಖ್ಯ ಚಿಕಿತ್ಸೆ ಅದೇ, ಮುಂದೆ ಹೇಳುತ್ತೇನೆ) ಹಾಕಿಕೊಂಡು, ಅದು ಕೆಲಸ ಮಾಡುವವರೆಗಿನ ಆ ಅವಧಿಯಲ್ಲಿ ಕೈಗೆ ಸಿಗುವುದು ಇದೊಂದೇ. ಬೇರೆ ಏನೂ ಅಷ್ಟು ಬೇಗ ಹಿತ ಕೊಡುವುದಿಲ್ಲ.

ಎಲ್ಲಿ ಇಡಬೇಕು, ಹೇಗೆ ಇಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಜನ ಇಲ್ಲೇ ಎಡವುತ್ತಾರೆ. ಮಂಜುಗಡ್ಡೆಯನ್ನು ನೇರವಾಗಿ ಕಣ್ಣುಗುಡ್ಡೆಯ ಮೇಲೆ ಒತ್ತಬಾರದು. ನೋವಿರುವ ಕಡೆಯ ಕಣತಲೆ (ಕಣ್ಣು ಮತ್ತು ಕಿವಿಯ ನಡುವಿನ ಜಾಗ), ಹುಬ್ಬಿನ ಮೇಲ್ಭಾಗ ಮತ್ತು ತಲೆಯ ಹಿಂದೆ ಕತ್ತು ಸೇರುವ ಜಾಗ ಸರಿಯಾದವು. ಕತ್ತಿನ ಹಿಂಭಾಗವನ್ನು ಬಹಳ ಮಂದಿ ಮರೆಯುತ್ತಾರೆ. ಅಲ್ಲಿಂದ ಹೊರಡುವ ನರಗಳೂ ಮುಖದ ನರವೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಸೇರುತ್ತವೆ. ತಜ್ಞರು ಈ ರೋಗಕ್ಕೆ ತಲೆಯ ಹಿಂಬದಿಯ ನರದ ಬಳಿ ಚುಚ್ಚುಮದ್ದು ಕೊಡುವುದೂ ಇದೇ ಕಾರಣಕ್ಕೆ. ನನಗೆ ಕಣತಲೆಗಿಂತ ಕತ್ತಿನ ಹಿಂದೆ ಇಟ್ಟ ತಂಪೇ ಹೆಚ್ಚು ಹಿತ. ಕತ್ತಿನ ಪಕ್ಕದಲ್ಲಿ ನಾಡಿ ಮಿಡಿಯುವ ಜಾಗವನ್ನು ಮಾತ್ರ ಒತ್ತಬೇಡಿ.

ಔಷಧಿ ಅಂಗಡಿಯಲ್ಲಿ ಸಿಗುವ ಜೆಲ್ ಪ್ಯಾಕ್ ಎರಡು ತಂದು ಫ್ರೀಜರ್‌ನಲ್ಲಿ ಇಡಿ. ಒಂದು ಬಿಸಿಯಾಗುವ ಹೊತ್ತಿಗೆ ಇನ್ನೊಂದು ಸಿದ್ಧವಿರುತ್ತದೆ. ಗಟ್ಟಿ ಮಂಜುಗಡ್ಡೆಗಿಂತ ಇದು ಮುಖದ ಉಬ್ಬುತಗ್ಗುಗಳಿಗೆ ಚೆನ್ನಾಗಿ ಕೂರುತ್ತದೆ. ತೆಳುವಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಒಂದು ಜಾಗದಲ್ಲಿ ಹತ್ತು ನಿಮಿಷ ಇಟ್ಟು ಜಾಗ ಬದಲಿಸಬೇಕು. ಈ ನೋವಿನಲ್ಲಿ ಚರ್ಮ ಉರಿಯುತ್ತಿರುವುದೇ ತಿಳಿಯುವುದಿಲ್ಲ, ಆದ್ದರಿಂದ ಹೊತ್ತು ನೋಡುವ ಕೆಲಸ ನಿಮ್ಮದಾಗಲಿ. ಚರ್ಮ ಬಿಳಿಚಿಕೊಂಡರೆ ಅಥವಾ ಮರಗಟ್ಟಿದರೆ ತಕ್ಷಣ ತೆಗೆಯಿರಿ. ಹೆಚ್ಚು ತಂಪಾಗಲೆಂದು ಮಂಜುಗಡ್ಡೆಗೆ ಉಪ್ಪು ಬೆರೆಸಲೇಬೇಡಿ. ಉಪ್ಪು ಬೆರೆತ ಮಂಜು ಸೊನ್ನೆ ಡಿಗ್ರಿಗಿಂತ ಬಹಳ ಕೆಳಗಿಳಿದು ಚರ್ಮವನ್ನು ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾಗಿರುವವರು, ಚಳಿಗೆ ಮೈಮೇಲೆ ದದ್ದು ಏಳುವವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ರೀಜರ್ ಕೈಕೊಟ್ಟರೆ ಹರವಿಯ ನೀರು ಇದೆ. ನಮ್ಮ ಭಾಗದ ಮಾರ್ಚ್-ಏಪ್ರಿಲ್ ತಿಂಗಳ ಒಣ ಹವೆಯಲ್ಲಿ ಮಣ್ಣಿನ ಹರವಿ ನೀರನ್ನು ಚೆನ್ನಾಗಿ ತಂಪಾಗಿಡುತ್ತದೆ. ಆ ನೀರಿನಲ್ಲಿ ಟವೆಲ್ ಅದ್ದಿ, ಹಿಂಡಿ, ಕತ್ತಿಗೂ ಹಣೆಗೂ ಸುತ್ತಿ ಬೀಸಣಿಗೆಯಿಂದ ಗಾಳಿ ಹಾಕಿ. ನೀರು ಆರುತ್ತಾ ಹೋದಂತೆ ಬಟ್ಟೆ ಇನ್ನಷ್ಟು ತಣ್ಣಗಾಗುತ್ತದೆ. ಮಳೆಗಾಲದ ತೇವದ ಹವೆಯಲ್ಲಿ ಇದರಿಂದ ಅಷ್ಟು ಉಪಯೋಗವಿಲ್ಲ, ಆಗ ಮಂಜುಗಡ್ಡೆಯನ್ನು ಮಲಗುವ ಮುನ್ನವೇ ಥರ್ಮಾಸ್‌ನಲ್ಲಿ ತುಂಬಿ ಹಾಸಿಗೆಯ ಪಕ್ಕ ಇಟ್ಟುಕೊಳ್ಳುವುದು ಮೇಲು.

ತಣ್ಣೀರು ಸುರಿದುಕೊಳ್ಳುವ ವಿಷಯದಲ್ಲಿ ನನಗೆ ನಿಜವಾಗಿಯೂ ಭಯವಿದೆ. ನೋವಿನಲ್ಲಿ ಕಣ್ಣು ಕಾಣದೆ ಒದ್ದೆ ಬಚ್ಚಲಲ್ಲಿ ಜಾರುವುದು ಒಂದು ಭಯ. ಎರಡನೆಯದು ಹೃದಯದ್ದು. ಮುಖವನ್ನು ತೀರ ತಣ್ಣನೆಯ ನೀರಿನಲ್ಲಿ ಮುಳುಗಿಸಿದರೆ ಹೃದಯದ ಬಡಿತ ತಾನಾಗಿ ನಿಧಾನವಾಗುತ್ತದೆ, ಇದು ಎಲ್ಲರ ದೇಹದಲ್ಲೂ ಇರುವ ಪ್ರತಿಕ್ರಿಯೆ. ಈ ರೋಗ ಮರುಕಳಿಸದಂತೆ ತಜ್ಞರು ಸಾಮಾನ್ಯವಾಗಿ ಮೊದಲು ಬರೆಯುವ ವೆರಪಾಮಿಲ್ ಮಾತ್ರೆಯೂ ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ, ಅದಕ್ಕಾಗಿಯೇ ಅದನ್ನು ಹೆಚ್ಚಿಸುವಾಗ ಇಸಿಜಿ ಮಾಡಿಸುತ್ತಾರೆ. ಆ ಮಾತ್ರೆ ಶುರುವಾದ ಮೇಲೆ, ಅಥವಾ ಹೃದಯದ ತೊಂದರೆ ಮೊದಲೇ ಇದ್ದರೆ, ಬಕೆಟ್ಟಿನ ಮಂಜುನೀರಿನಲ್ಲಿ ಮುಖ ಅದ್ದುವುದು ಬೇಡ. ಪಟ್ಟಿ ಸಾಕು.

ಐಸ್ ನೀರನ್ನು ಗಟಗಟನೆ ಕುಡಿದರೆ ಅಥವಾ ಅಂಗುಳಕ್ಕೆ ತಾಗುವ ಹಾಗೆ ಬಾಯಲ್ಲಿ ಹಿಡಿದರೆ ಹಿತವೆನ್ನುವ ರೋಗಿಗಳಿದ್ದಾರೆ. ಮೂಗಿನ ಹಿಂದೆ, ಅಂಗುಳದ ಮೇಲೆ ಈ ನರಜಾಲದ ಗಂಟೊಂದು ಇರುವುದು ನಿಜ. ನನಗೆ ಅದರಿಂದ ಏನೂ ಆಗಲಿಲ್ಲ. ನಿಮ್ಮವರಿಗೆ ಬೇಕೆನಿಸಿದರೆ ಪ್ರಯತ್ನಿಸಲಿ. ಕಣ್ಣಿನ ಸುತ್ತ ಬಾಮ್ ಹಚ್ಚುವುದು ಮಾತ್ರ ಬೇಡ. ಮೆಂಥಾಲ್ ತಂಪಿನ ಭಾವನೆ ಕೊಟ್ಟರೂ ಈಗಾಗಲೇ ಸುರಿಯುತ್ತಿರುವ ಕಣ್ಣಿಗೆ ಅದು ಉರಿ. ಅಲ್ಲದೆ ಪೆಟ್ರೋಲಿಯಂ ಜೆಲ್ಲಿಯಂಥ ಜಿಡ್ಡು ಮುಖದ ಮೇಲಿರುವಾಗ ಆಮ್ಲಜನಕ ತೆಗೆದುಕೊಳ್ಳುವುದು ಬೆಂಕಿಯ ದೃಷ್ಟಿಯಿಂದ ಅಪಾಯ.

ಆಮ್ಲಜನಕದ ಮಾತು ಪದೇಪದೇ ಬಂತು. ನೀವು ಕೇಳದಿದ್ದರೂ ಇದನ್ನು ಹೇಳದೆ ಬಿಡಲಾರೆ, ಏಕೆಂದರೆ ತಂಪಿನಿಂದ ಸ್ವಲ್ಪ ಹಿತ ಸಿಗುತ್ತದೆಂದು ಅಲ್ಲಿಗೇ ನಿಂತವರು ಎಷ್ಟೋ ರಾತ್ರಿಗಳನ್ನು ಸುಮ್ಮನೆ ನರಳಿ ಕಳೆಯುತ್ತಾರೆ. ಸಾಮಾನ್ಯ ನೋವಿನ ಮಾತ್ರೆ ಹೊಟ್ಟೆಯಲ್ಲಿ ಕರಗಿ ರಕ್ತ ಸೇರುವ ಹೊತ್ತಿಗೆ ಈ ನೋವು ತನ್ನ ಪಾಡಿಗೆ ತಾನು ಇಳಿಯತೊಡಗಿರುತ್ತದೆ. ಶುದ್ಧ ಆಮ್ಲಜನಕವನ್ನು ನಿಮಿಷಕ್ಕೆ 12ರಿಂದ 15 ಲೀಟರ್ ವೇಗದಲ್ಲಿ, ಚೀಲವಿರುವ ಮಾಸ್ಕ್‌ನಿಂದ, ನೋವು ಶುರುವಾದ ಕೂಡಲೇ 15ರಿಂದ 20 ನಿಮಿಷ ಉಸಿರಾಡುವುದು ಇದರ ಮುಖ್ಯ ಚಿಕಿತ್ಸೆ. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಆಮ್ಲಜನಕ ಪಡೆದಾಗ 78 ಶೇಕಡಾ ಸಲ 15 ನಿಮಿಷದಲ್ಲಿ ನೋವು ನಿಂತಿತ್ತು ಅಥವಾ ಸಾಕಷ್ಟು ಇಳಿದಿತ್ತು. ಬರೀ ಗಾಳಿ ಕೊಟ್ಟಾಗ ಅದು 20 ಶೇಕಡಾ ಮಾತ್ರ. ತಂಪಿನ ಪಟ್ಟಿಯ ಪರವಾಗಿ ಇಂಥ ಪುರಾವೆ ಇಲ್ಲ. ಸುಮಾಟ್ರಿಪ್ಟಾನ್ 6 ಮಿಲಿಗ್ರಾಂ ಚುಚ್ಚುಮದ್ದೂ ಬೇಗ ಕೆಲಸ ಮಾಡುತ್ತದೆ, ಆದರೆ ಹೃದಯದ ಕಾಯಿಲೆ ಇದ್ದವರಿಗೆ ಅದನ್ನು ಕೊಡುವುದಿಲ್ಲ.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆಮ್ಲಜನಕ ಯಂತ್ರಗಳಲ್ಲಿ ಬಹಳಷ್ಟು ನಿಮಿಷಕ್ಕೆ 5 ಲೀಟರ್ ಮಾತ್ರ ಕೊಡುತ್ತವೆ, ಇದಕ್ಕೆ ಅದು ಸಾಲದು. ಬಾಡಿಗೆಯ ಸಿಲಿಂಡರ್ ಬೇಕು. ಸುಮಾರು 1,500 ಲೀಟರ್ ಹಿಡಿಯುವ ಬಿ ಮಾದರಿಯ ಸಿಲಿಂಡರ್‌ನಲ್ಲಿ, 12 ಲೀಟರ್ ವೇಗದಲ್ಲಿ ಸಲಕ್ಕೆ 15 ನಿಮಿಷದಂತೆ, ಎಂಟು ಸಲ ಬಳಸಬಹುದು. ರೆಗ್ಯುಲೇಟರ್ 15 ಲೀಟರ್‌ವರೆಗೆ ತೋರಿಸುವಂಥದ್ದೇ ಇರಲಿ. ಆ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ, ಬೀಡಿ ಯಾವುದೂ ಇರಬಾರದು. ಬಹಳ ವರ್ಷ ಬೀಡಿ-ಸಿಗರೇಟು ಸೇದಿ ಶ್ವಾಸಕೋಶ ಕೆಟ್ಟಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ನೋವಿನ ಈ ವಾರಗಳು ಮುಗಿಯುವವರೆಗೆ ಮದ್ಯ ಒಂದು ಗುಟುಕೂ ಬೇಡ. ಉಳಿದ ತಿಂಗಳುಗಳಲ್ಲಿ ಏನೂ ಮಾಡದ ಮದ್ಯ, ಈ ಅವಧಿಯಲ್ಲಿ ಗಂಟೆಯೊಳಗೆ ನೋವನ್ನು ಎಬ್ಬಿಸುತ್ತದೆ.

ಒಂದು ಮಾತನ್ನು ಮೆಲ್ಲಗೆ ಹೇಳುತ್ತೇನೆ. ನೋವು ಏರಿದಾಗ ತಲೆಯನ್ನು ಗೋಡೆಗೆ ಬಡಿದುಕೊಳ್ಳುವವರಿದ್ದಾರೆ, ಸಾಯುವ ಮಾತನಾಡುವವರಿದ್ದಾರೆ. ನಿಮ್ಮ ಮನೆಯವರು ಅಂಥ ಮಾತನಾಡಿದರೆ ನೋವಿನ ಭರದ ಮಾತೆಂದು ತಳ್ಳಿಹಾಕಬೇಡಿ, ಒಂಟಿಯಾಗಿ ಬಿಡಬೇಡಿ. ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ನೋವಿನ ನಡುವೆ ಮಾತನಾಡಿಸುವುದು, ಮೈ ಸವರುವುದು ನಮ್ಮಲ್ಲಿ ಹಲವರಿಗೆ ಸಹಿಸಲಾಗದು. ಪಟ್ಟಿ ಬದಲಿಸಿ ಕೊಟ್ಟು ಅದೇ ಕೋಣೆಯಲ್ಲಿ ಸುಮ್ಮನೆ ಇದ್ದರೆ ಅದೇ ದೊಡ್ಡ ಆಸರೆ. ಹೊತ್ತು ನೋಡುವ ಕೆಲಸವನ್ನು ಅತ್ತೆಯವರಿಗೂ ಒಪ್ಪಿಸಿ. ಮಗನಿಗಾಗಿ ಏನಾದರೂ ಮಾಡುತ್ತಿದ್ದೇನೆ ಎಂಬ ಸಮಾಧಾನ ಸಿಕ್ಕರೆ ಅವರು ಹಬೆಯ ಪಾತ್ರೆಯನ್ನು ತಾವಾಗಿಯೇ ಬದಿಗಿಡುತ್ತಾರೆ.

ಸಿಡಿಲು ಹೊಡೆದಂತೆ ಒಮ್ಮೆಲೇ ಬಂದ ತಲೆನೋವು, ಜ್ವರದೊಂದಿಗೆ ಕತ್ತು ಬಿಗಿಯುವುದು, ಕೈಕಾಲಿನ ಶಕ್ತಿ ಕುಂದುವುದು, ದೃಷ್ಟಿ ಹೋಗುವುದು, ನೋವು ನಿಂತ ಮೇಲೂ ರೆಪ್ಪೆ ಮೇಲೇಳದಿರುವುದು, ಇವುಗಳಲ್ಲಿ ಯಾವುದಿದ್ದರೂ ಮಂಜುಗಡ್ಡೆ ಹಿಡಿದು ಕೂರದೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಇವೇನೂ ಇಲ್ಲದಿದ್ದರೂ ಈ ವಾರವೇ ನರರೋಗ ತಜ್ಞರೊಬ್ಬರನ್ನು ಕಾಣಿರಿ. ಹಾವೇರಿಯಿಂದ ಹುಬ್ಬಳ್ಳಿಗೆ ಬಸ್ಸೂ ಇದೆ, ರೈಲೂ ಇದೆ. ನಾವೆಲ್ಲ ಇಂದಿಗೂ ಕಿಮ್ಸ್ ಎಂದೇ ಕರೆಯುವ ವಿದ್ಯಾನಗರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಮೊದಲ ಸಲವಾದ್ದರಿಂದ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಹೇಳಬಹುದು, ಅದಕ್ಕೆ ಹೆದರಬೇಡಿ. ನೋವಿಲ್ಲದ ಹಗಲಿನಲ್ಲಿ ರೋಗಿ ಸಂಪೂರ್ಣ ಆರೋಗ್ಯವಂತನಂತೆ ಕಾಣುವುದರಿಂದ ವೈದ್ಯರಿಗೆ ತೋರಿಸಲು ಏನೂ ಇರುವುದಿಲ್ಲ. ಅವರ ಒಪ್ಪಿಗೆ ಪಡೆದು, ಒಂದು ರಾತ್ರಿ ಕೆಂಪು ಕಣ್ಣು, ಜೋಲುವ ರೆಪ್ಪೆ ಕಾಣುವ ಹಾಗೆ ಮೊಬೈಲ್‌ನಲ್ಲಿ ಚಿಕ್ಕದೊಂದು ವಿಡಿಯೊ ತೆಗೆದಿಡಿ, ನೋವು ಶುರುವಾದ ಮತ್ತು ನಿಂತ ಹೊತ್ತನ್ನು ಕಾಗದದ ಮೇಲೆ ಬರೆದಿಡಿ. ಅವೆರಡನ್ನೂ ತಜ್ಞರ ಮುಂದಿಟ್ಟು, ಆಮ್ಲಜನಕವನ್ನು ಎಷ್ಟು ಲೀಟರ್, ಎಷ್ಟು ನಿಮಿಷ, ಯಾವ ಮಾಸ್ಕ್‌ನಿಂದ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಂಡು ಬನ್ನಿ.