ಹಳೆಯ ಪಿಯಾನೋ ನೋಡಲು ಹೋಗುತ್ತಿದ್ದೇನೆ, ಡೀಲರನ್ನು ನಂಬಬಹುದು ಅಂತ ಹೇಗೆ ತಿಳಿಯುವುದು?

"ಶನಿವಾರ ನೋಡಲು ಹೋಗುತ್ತೇನೆ, ಅಷ್ಟರಲ್ಲಿ ಟ್ಯೂನ್ ಮಾಡಿಸಿಡಿ ಅಂತ ಡೀಲರ್‌ಗೆ ಹೇಳಿದ್ದೇನೆ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿಯೇ ಉತ್ತರ ಬರೆಯಲು ಕೂತೆ. ಆರು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿದ್ದೆ.

ಮಗಳಿಗೆ ಆಗ ಒಂಬತ್ತು ವರ್ಷ. ಎರಡು ವರ್ಷ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಕಲಿತಿದ್ದಳು. ಇನ್ನು ನಿಜವಾದ ಪಿಯಾನೋ ಬೇಕು, ಕೀಯ ತೂಕ ಬೆರಳಿಗೆ ಗೊತ್ತಾಗಬೇಕು ಅಂತ ಅವಳ ಟೀಚರ್ ಹೇಳಿದರು. ಹೊಸದು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಹಳೆಯ ಅಪ್‌ರೈಟ್ ಪಿಯಾನೋ (ಗೋಡೆಗೆ ಒರಗಿಸಿ ಇಡುವ, ತಂತಿಗಳು ನೆಟ್ಟಗೆ ನಿಂತಿರುವ ಬಗೆ) ಮಾರುವ ಒಬ್ಬ ಡೀಲರ್ ಸಿಕ್ಕರು. ಫೋನಿನಲ್ಲಿ ತುಂಬಾ ಸಮಾಧಾನದಿಂದ ಮಾತಾಡಿದರು. "ಮಗು ಬಾರಿಸಿ ನೋಡಬೇಕಲ್ವಾ, ನಾವು ಬರುವಷ್ಟರಲ್ಲಿ ಟ್ಯೂನ್ ಮಾಡಿಸಿಡಿ" ಅಂದೆ. "ಖಂಡಿತ ಮೇಡಂ" ಅಂದರು. ಹೇಳಿದ ಹಾಗೆ ಮಾಡಿಸಿಯೂ ಇಟ್ಟಿದ್ದರು.

ಅಂಗಡಿಗೆ ಹೋದೆವು. ಕಪ್ಪು ಪಾಲಿಶ್ ಮಿರಮಿರ ಮಿಂಚುತ್ತಿತ್ತು. ಮಗಳು ಕೂತು ತನಗೆ ಬರುತ್ತಿದ್ದ ಎರಡು ಪಾಠ ಬಾರಿಸಿದಳು. ಪ್ರತಿ ಸ್ವರವೂ ಸ್ವಚ್ಛವಾಗಿ ಕೇಳಿಸಿತು. ಅವಳ ಮುಖ ನೋಡಿದ ಮೇಲೆ ನಾನು ಬೇರೆ ಏನನ್ನೂ ನೋಡಲಿಲ್ಲ. ಅವತ್ತೇ ಪೂರ್ತಿ ದುಡ್ಡು ಕೊಟ್ಟು ಬಂದೆ.

ಪಿಯಾನೋ ಮನೆಗೆ ಬಂದು ಮೂರನೇ ವಾರ. ಅಭ್ಯಾಸ ಮಾಡುತ್ತಿದ್ದವಳು ನಿಲ್ಲಿಸಿ ಕರೆದಳು. "ಅಮ್ಮಾ, ಈ ಕೀ ಒತ್ತಿದರೆ ಇಬ್ಬರು ಹಾಡಿದ ಹಾಗೆ ಕೇಳ್ತಿದೆ." ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಅವಳು ಹೇಳಿದ್ದು ಅಕ್ಷರಶಃ ಸರಿ. ಪಿಯಾನೋದಲ್ಲಿ 88 ಕೀ ಇದ್ದರೂ ತಂತಿಗಳು ಸುಮಾರು 230. ತಗ್ಗಿನ ಸ್ವರಗಳಿಗೆ ಒಂದೋ ಎರಡೋ ತಂತಿ, ನಡುವಿನಿಂದ ಮೇಲಕ್ಕೆ ಒಂದೊಂದು ಸ್ವರಕ್ಕೂ ಮೂರು. ಆ ಮೂರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಶ್ರುತಿಯಲ್ಲಿರಬೇಕು. ಒಂದು ಸ್ವಲ್ಪ ಇಳಿದರೂ ಸ್ವರ ಅಲೆ ಅಲೆಯಾಗಿ ನಡುಗುತ್ತದೆ. ಮಗಳ ಕಿವಿಗೆ ಅದು ಇಬ್ಬರು ಹಾಡಿದ ಹಾಗೆ ಕೇಳಿಸಿತ್ತು.

ಡೀಲರ್‌ಗೆ ಫೋನ್ ಮಾಡಿದೆ. "ಜಾಗ ಬದಲಾಗಿದೆಯಲ್ಲ ಮೇಡಂ, ನಿಮ್ಮ ಮನೆಯ ಗಾಳಿಗೆ ಒಗ್ಗಿಕೊಳ್ಳಬೇಕು, ಸ್ವಲ್ಪ ದಿನ ಬಿಡಿ" ಅಂದರು. ಈ ಮಾತು ಸುಳ್ಳಲ್ಲ. ಸ್ವರವನ್ನು ದೊಡ್ಡದು ಮಾಡುವ ಸೌಂಡ್‌ಬೋರ್ಡ್ ತೆಳುವಾದ ಮರದ ಹಲಗೆ, ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು. ತೇವ ಜಾಸ್ತಿಯಾದರೆ ಉಬ್ಬಿ ತಂತಿಗಳನ್ನು ಇನ್ನಷ್ಟು ಬಿಗಿ ಮಾಡುತ್ತದೆ, ಶ್ರುತಿ ಏರುತ್ತದೆ. ಗಾಳಿ ಒಣಗಿದರೆ ಕುಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಹಾಗಾಗಿ ಜಾಗ ಬದಲಾದ ಪಿಯಾನೋವನ್ನು ಕೆಲವು ವಾರ ಬಿಟ್ಟು ಟ್ಯೂನ್ ಮಾಡಿಸುವುದು ವಾಡಿಕೆ. ಆದರೆ ಹವೆಯಿಂದ ಶ್ರುತಿ ತಪ್ಪಿದರೆ ಅಕ್ಕಪಕ್ಕದ ಸ್ವರಗಳೆಲ್ಲ ಗುಂಪಾಗಿ ಒಂದೇ ಕಡೆಗೆ ಸರಿಯುತ್ತವೆ. ನಮ್ಮದರಲ್ಲಿ ಇಲ್ಲೊಂದು ತಂತಿ, ಅಲ್ಲೊಂದು ತಂತಿ ಕುಸಿದಿತ್ತು, ಪಕ್ಕದ್ದು ಗಟ್ಟಿಯಾಗಿ ನಿಂತಿತ್ತು. ಈ ವ್ಯತ್ಯಾಸ ಆಗ ಗೊತ್ತಿದ್ದರೆ ನಾನು ಎರಡು ತಿಂಗಳು ಸುಮ್ನೆ ಕಾಯುತ್ತಿರಲಿಲ್ಲ.

ಕೊನೆಗೆ ಟೀಚರ್ ತಮಗೆ ಗೊತ್ತಿದ್ದ ಒಬ್ಬ ಹಿರಿಯ ಟ್ಯೂನರನ್ನು ಕಳಿಸಿಕೊಟ್ಟರು. ಅವರು ಮೇಲಿನ ಮುಚ್ಚಳ ತೆಗೆದು, ತಂತಿ ಸುತ್ತಿರುವ ಒಂದು ಪಿನ್ನಿಗೆ ಲಿವರ್ (ಪಿನ್ ತಿರುಗಿಸುವ ಹಿಡಿ) ಹಾಕಿ ಮೆಲ್ಲಗೆ ಒತ್ತಿದರು. ಇನ್ನೊಂದಕ್ಕೆ ಹಾಕಿದರು. ಹತ್ತು ಹನ್ನೆರಡು ಪಿನ್ ಆದ ಮೇಲೆ ಲಿವರ್ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು. "ನೀವು ನೋಡೋಕೆ ಹೋದಾಗ, ಟ್ಯೂನ್ ಮಾಡೋ ಮುಂಚೆ, ಇದು ಹೇಗಿತ್ತಮ್ಮಾ?"

ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯನ್ನು ಮುಚ್ಚಿದವಳು ನಾನೇ.

ಇದನ್ನು ಬಿಡಿಸಿ ಹೇಳುತ್ತೇನೆ, ನನ್ನ ದುಡ್ಡು ಹೋದದ್ದು ಇದೊಂದರಿಂದ. ಪ್ರತಿ ತಂತಿಯ ಒಂದು ತುದಿ ಒಂದು ಉಕ್ಕಿನ ಪಿನ್ನಿಗೆ ಸುತ್ತಿರುತ್ತದೆ. ಆ ಪಿನ್ನುಗಳು ಪಿನ್ ಬ್ಲಾಕ್ ಅನ್ನುವ ದಪ್ಪ ಮರದ ಹಲಗೆಯಲ್ಲಿ ಕೂತಿರುತ್ತವೆ. ಗಟ್ಟಿ ಮರದ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಹಲಗೆ ಅದು. ಪಿನ್ನನ್ನು ಹಿಡಿದಿಡಲು ನಟ್ಟಿಲ್ಲ, ಬೀಗವಿಲ್ಲ. ಮರದ ಬಿಗಿ ಮಾತ್ರ. ಒಂದೊಂದು ತಂತಿಯೂ ಸುಮಾರು 70 ರಿಂದ 80 ಕೆಜಿ ಬಲದಲ್ಲಿ ಎಳೆಯುತ್ತಿರುತ್ತದೆ. ಎಲ್ಲ ಸೇರಿದರೆ 16 ಟನ್ನಿಗಿಂತ ಜಾಸ್ತಿ. ಒಟ್ಟು ಭಾರವನ್ನು ಒಳಗಿನ ಎರಕದ ಕಬ್ಬಿಣದ ಚೌಕಟ್ಟು ತಡೆಯುತ್ತದೆ, ಆದರೆ ಪಿನ್ ತಿರುಗದಂತೆ ಹಿಡಿಯುವ ಕೆಲಸ ಮರದ್ದೇ. ವರ್ಷಗಟ್ಟಲೆ ಒಮ್ಮೆ ತೇವ, ಒಮ್ಮೆ ಒಣ ಅಂತ ಹಿಗ್ಗಿ ಕುಗ್ಗಿ ಆ ತೂತುಗಳು ಸಡಿಲವಾಗುತ್ತವೆ. ಕೆಲವು ಸಲ ಹಲಗೆಯ ಪದರಗಳೇ ಬಿಟ್ಟುಕೊಂಡು ಸೀಳು ಬರುತ್ತದೆ.

ಇಂಥ ಪಿಯಾನೋವನ್ನೂ ಟ್ಯೂನ್ ಮಾಡಬಹುದು. ಮುಖ್ಯವಾದ ವಿಷಯವೇ ಇದು. ಪಿನ್ ತಿರುಗಿಸಿದರೆ ತಂತಿ ಬಿಗಿಯಾಗುತ್ತದೆ, ಸ್ವರ ಸರಿಯಾಗುತ್ತದೆ. ಆ ದಿನ ಚೆನ್ನಾಗಿ ಕೇಳಿಸುತ್ತದೆ. ಮಾರನೆಯ ದಿನವೂ ಚೆನ್ನಾಗಿರಬಹುದು. ಆಮೇಲೆ ಸಡಿಲವಾದ ಪಿನ್ ತಂತಿಯ ಎಳೆತಕ್ಕೆ ಮೆಲ್ಲಗೆ ಹಿಂದಕ್ಕೆ ತಿರುಗುತ್ತದೆ. ಎರಡು ಮೂರು ವಾರದಲ್ಲಿ ಬಣ್ಣ ಬಯಲಾಗುತ್ತದೆ. ಅಷ್ಟರಲ್ಲಿ ಪಿಯಾನೋ ನಿಮ್ಮ ಮನೆಯಲ್ಲಿರುತ್ತದೆ, ದುಡ್ಡು ಅವರ ಹತ್ತಿರ ಇರುತ್ತದೆ.

ಅಂದರೆ ಟ್ಯೂನ್ ಮಾಡದ ಪಿಯಾನೋ ತನ್ನ ಕಥೆ ತಾನೇ ಹೇಳುತ್ತದೆ. ಒಂದೆರಡು ವರ್ಷ ಯಾರೂ ಮುಟ್ಟದೆ ಒಟ್ಟಿಗೆ ಇಳಿದಿದೆಯಾ, ಚೂರುಚೂರಾಗಿ ಕುಸಿದಿದೆಯಾ ಅಂತ ಕಿವಿಗೇ ಗೊತ್ತಾಗುತ್ತದೆ. ಹಿಂದಿನ ದಿನ ಟ್ಯೂನ್ ಮಾಡಿಸಿಬಿಟ್ಟರೆ ಆ ಕಥೆ ಅಳಿಸಿಹೋಗುತ್ತದೆ. ಅಳಿಸಿ ಅಂತ ನಾನೇ ಫೋನ್ ಮಾಡಿ ಕೇಳಿಕೊಂಡಿದ್ದೆ. ಮೊದಲು ಇದ್ದ ಹಾಗೆ ನೋಡುತ್ತೇನೆ, ಆಮೇಲೆ ಟ್ಯೂನ್ ಮಾಡಿಸಿ ಅಂತ ಕೇಳಿದ್ದರೆ ನನಗೆ ಒಂದು ಪೈಸೆಯೂ ಜಾಸ್ತಿ ಖರ್ಚಾಗುತ್ತಿರಲಿಲ್ಲ. ಹಿಂದುಮುಂದಾಗಿ ಮಾಡಿದೆ.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಆ ಟ್ಯೂನರ್ ಸಡಿಲವಾದ ಪಿನ್ನುಗಳ ಬುಡಕ್ಕೆ ತೆಳುವಾದ ಅಂಟು ಬಿಟ್ಟು ನೋಡಿದರು. ಕೆಲವು ಹಿಡಿದವು. ಹಿಡಿಯದ ಕಡೆ ಪಿನ್ ತೆಗೆದು ಒಂದು ಅಳತೆ ದಪ್ಪದ್ದು ಹಾಕಿದರು. ನಡುಭಾಗದಲ್ಲಿ ಹಲಗೆಯೇ ಸೀಳಿತ್ತು, ಅಲ್ಲಿ ಯಾವುದೂ ನಿಲ್ಲಲಿಲ್ಲ. ಹಲಗೆ ಬದಲಿಸಬೇಕೆಂದರೆ ಎಲ್ಲ ತಂತಿ ಬಿಚ್ಚಿ ಕಬ್ಬಿಣದ ಚೌಕಟ್ಟನ್ನೇ ಎತ್ತಬೇಕು. ಆ ಖರ್ಚು ಪಿಯಾನೋದ ಬೆಲೆಯನ್ನೇ ಮೀರುತ್ತಿತ್ತು. ಡೀಲರ್ ಕೊಟ್ಟಿದ್ದ ಗ್ಯಾರಂಟಿ ಚೀಟಿಯಲ್ಲಿ ಟ್ಯೂನಿಂಗ್ ಸೇರುವುದಿಲ್ಲ ಅಂತ ಬರೆದಿತ್ತು, ಅವರು ಅದನ್ನೇ ತೋರಿಸಿದರು. ಎಂಟು ತಿಂಗಳಾದ ಮೇಲೆ ಬಿಡಿಭಾಗಕ್ಕೆ ಅಂತ ಕೊಟ್ಟುಬಿಟ್ಟೆವು. ಅದನ್ನು ಹೊರಗೆ ಸಾಗಿಸಿದ ದಿನ ಮಗಳು ಶಾಲೆಯಿಂದ ಬಂದು ಖಾಲಿ ಗೋಡೆ ನೋಡುತ್ತಾ ನಿಂತಿದ್ದು ಇನ್ನೂ ಕಣ್ಣ ಮುಂದಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಡೀಲರನ್ನು ನಂಬಬೇಕು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಈ ಪ್ರಶ್ನೆಯೇ ಸರಿಯಿಲ್ಲ. ನನ್ನ ಡೀಲರ್ ನನಗೆ ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ. ಕೇಳಿದ್ದನ್ನು ಮಾಡಿಕೊಟ್ಟರು, ಕೇಳದ್ದನ್ನು ಹೇಳಲಿಲ್ಲ. ಮಾತು, ನಡತೆ, ಅಂಗಡಿಯ ಹೆಸರು ನೋಡಿ ಅಳೆದರೆ ಇವತ್ತಿಗೂ ಅವರು ಒಳ್ಳೆಯವರೇ. ನೀವು ಮೊದಲು ಹುಡುಕಬೇಕಾದದ್ದು ಟ್ಯೂನರನ್ನು. ನಿಮ್ಮಿಂದ ಮಾತ್ರ ದುಡ್ಡು ತೆಗೆದುಕೊಳ್ಳುವ, ಆ ಅಂಗಡಿಯ ಜೊತೆ ವ್ಯವಹಾರವಿಲ್ಲದ ಒಬ್ಬರು. ಸಂಗೀತ ಶಾಲೆಗಳಿಗೆ, ಕಛೇರಿ ನಡೆಯುವ ಹಾಲ್‌ಗಳಿಗೆ ಪಿಯಾನೋ ಟ್ಯೂನ್ ಮಾಡುವವರು ಇದ್ದೇ ಇರುತ್ತಾರೆ. ನಿಮ್ಮ ಟೀಚರನ್ನು ಕೇಳಿ. ಡೀಲರ್ "ನಮ್ಮವರೇ ಒಬ್ಬರಿದ್ದಾರೆ, ಅವರಿಂದ ಚೆಕ್ ಮಾಡಿಸಿ" ಅಂದರೆ ಥ್ಯಾಂಕ್ಸ್ ಹೇಳಿ, ನಿಮ್ಮವರನ್ನೇ ಕರೆದುಕೊಂಡು ಹೋಗಿ.

ಎರಡನೇ ಸಲ ನಾನು ಹಾಗೆಯೇ ಮಾಡಿದೆ. ಆಗ ಫೋನಿನಲ್ಲಿ ಕೇಳಿದ ಒಂದು ಮಾತು ಮರೆಯುವ ಹಾಗಿಲ್ಲ. ಟ್ಯೂನ್ ಮಾಡಿಸಬೇಡಿ, ಇದ್ದ ಹಾಗೇ ನೋಡಬೇಕು ಅಂದೆ. ಅದಕ್ಕೂ ಮುಂಚೆ ಇದೇ ಮಾತಿಗೆ ಇಬ್ಬರು ಡೀಲರ್‌ಗಳು ಏನೇನೋ ಸಬೂಬು ಹೇಳಿದ್ದರು. ಈ ಮೂರನೆಯವರು ಹೇಳಿದರು, "ಎರಡು ವರ್ಷದಿಂದ ಯಾರೂ ಮುಟ್ಟಿಲ್ಲಮ್ಮಾ, ಕೇಳೋಕೆ ಚೆನ್ನಾಗಿರಲ್ಲ. ಕೆಳಗಡೆ ಒಂದು ತಂತಿ ಜುಯ್ ಅನ್ನುತ್ತೆ, ಅದನ್ನೂ ಈಗಲೇ ಹೇಳಿಬಿಡ್ತೀನಿ. ಬನ್ನಿ." ಪಾಲಿಶ್ ಮಾಸಿತ್ತು, ಒಂದು ಪೆಡಲ್ ಕಿರುಗುಡುತ್ತಿತ್ತು. ಅದನ್ನೇ ಕೊಂಡೆ.

ಅಲ್ಲಿ ಹೇಗೆ ನೋಡಿದೆವು ಅಂತ ಹೇಳುತ್ತೇನೆ, ನಿಮಗೆ ಶನಿವಾರ ಉಪಯೋಗವಾದೀತು. ಟ್ಯೂನರ್ ಬರುವ ಮುಂಚೆ ನಾವೇ ಕೂತು 88 ಕೀಗಳನ್ನೂ ಒಂದೊಂದಾಗಿ, ಮೆಲ್ಲಗೆ, ಸ್ವರ ಆರುವವರೆಗೆ ಒತ್ತಿ ಹಿಡಿದು ಕೇಳಿದೆವು. ಪಾಠ ಬಾರಿಸಿ ನೋಡಬೇಡಿ. ಹಾಡು ಚೆನ್ನಾಗಿದ್ದರೆ ಮನಸ್ಸು ತಪ್ಪುಗಳನ್ನು ಮುಚ್ಚಿಹಾಕುತ್ತದೆ. ನಡುವಿನ ಎ ಸ್ವರ ಸೆಕೆಂಡಿಗೆ 440 ಕಂಪನ ಇರಬೇಕು. ಟ್ಯೂನಿಂಗ್ ಫೋರ್ಕ್ ಇಲ್ಲದಿದ್ದರೆ ಫೋನಿನ ಟ್ಯೂನರ್ ಆ್ಯಪ್ ಸಾಕು. ಈ ಪಿಯಾನೋ ಅದಕ್ಕಿಂತ ಕೆಳಗಿತ್ತು, ಆದರೆ ಈ ತುದಿಯಿಂದ ಆ ತುದಿಯವರೆಗೆ ಹೆಚ್ಚುಕಡಿಮೆ ಒಂದೇ ಸಮ ಇಳಿದಿತ್ತು. ಮಗಳೇ ಹೇಳಿದಳು, "ಎಲ್ಲಾ ಒಟ್ಟಿಗೆ ಕೆಳಗಿದೆ, ಆದರೆ ಇಬ್ಬರು ಹಾಡ್ತಿಲ್ಲ." ನಂತರ ಟ್ಯೂನರ್ ಬಂದು ಮುಚ್ಚಳ ತೆಗೆದು ಟಾರ್ಚ್ ಹಾಕಿದರು. ಪಿನ್ ಸುತ್ತ ಕಪ್ಪು ಕಲೆ ಇದ್ದರೆ ಯಾರೋ ಏನೋ ಸುರಿದು ರಿಪೇರಿ ಮಾಡಿರಬಹುದು. ಕೆಲವು ಪಿನ್ ಮಾತ್ರ ದಪ್ಪಗಿದ್ದರೆ, ಇಲ್ಲವೇ ಬೇರೆಯವಕ್ಕಿಂತ ಆಳಕ್ಕೆ ಹೊಡೆದಿದ್ದರೆ ಅಲ್ಲಿ ಹಿಂದೆಯೇ ತೊಂದರೆ ಬಂದಿತ್ತು ಅಂತ ಅರ್ಥ. ನಮ್ಮದರಲ್ಲಿ ಎಲ್ಲ ಒಂದೇ ಸಮ ಇದ್ದವು. ಲಿವರ್ ಹಾಕಿದಾಗ ಪ್ರತಿ ಪಿನ್ನೂ ಹಟ ಮಾಡಿತು. ಅವರ ಮುಖದಲ್ಲಿ ನಗು ಬಂದದ್ದು ಆಗಲೇ.

ಕೀ ಒತ್ತಿದಾಗ ತಂತಿಗೆ ಬಡಿಯುವ ಹ್ಯಾಮರ್‌ಗಳ ಫೆಲ್ಟಿನಲ್ಲಿ (ಒತ್ತಿದ ಉಣ್ಣೆಯ ಹೊದಿಕೆ) ತಂತಿಯ ಗೀರು ಆಳವಾಗಿದೆಯಾ, ಹುಳ ತಿಂದಿದೆಯಾ, ತಂತಿಗೆ ತುಕ್ಕು ಹಿಡಿದಿದೆಯಾ, ಇವನ್ನೂ ಅವರೇ ನೋಡುತ್ತಾರೆ. ಸೌಂಡ್‌ಬೋರ್ಡಿನಲ್ಲಿ ಬಿರುಕು ಕಂಡರೆ ಮಾತ್ರ ಗಾಬರಿಯಾಗಬೇಡಿ. ಹಲಗೆಯ ಹಿಂದಿನ ಮರದ ಪಟ್ಟಿಗಳು ಗಟ್ಟಿಯಾಗಿ ಅಂಟಿಕೊಂಡಿದ್ದು, ಬಾರಿಸುವಾಗ ಗರಗರ ಸದ್ದು ಬಾರದಿದ್ದರೆ ಎಷ್ಟೋ ಪಿಯಾನೋಗಳು ಬಿರುಕಿನ ಜೊತೆಗೇ ಚೆನ್ನಾಗಿ ನಡೆಯುತ್ತವೆ.

ಅವತ್ತು ನಾನು ಸ್ವಲ್ಪ ಮುಂಗಡ ಮಾತ್ರ ಕೊಟ್ಟೆ. ನಮ್ಮ ಟ್ಯೂನರ್ ಅಂಗಡಿಯಲ್ಲೇ ಮೊದಲು ಒರಟಾಗಿ ಎಲ್ಲವನ್ನೂ ಮೇಲಕ್ಕೆ ಎಳೆದು, ಮತ್ತೆ ಸೂಕ್ಷ್ಮವಾಗಿ ಕೂರಿಸಿದರು. ಅವರ ಕೂಲಿ ನಾನೇ ಕೊಟ್ಟೆ. ಮೂರು ವಾರ ಬಿಟ್ಟು ಹೋಗಿ ಮತ್ತೆ 88 ಕೀಗಳನ್ನೂ ಕೇಳಿದೆವು. ಅಷ್ಟು ಮೇಲಕ್ಕೆ ಎಳೆದದ್ದರಿಂದ ಒಟ್ಟಾರೆ ಸ್ವಲ್ಪ ಇಳಿದಿತ್ತು, ಅದು ಸಹಜ. ಆದರೆ ಒಂದು ತಂತಿಯೂ ಬೇರೆ ದಾರಿ ಹಿಡಿದಿರಲಿಲ್ಲ. ಉಳಿದ ದುಡ್ಡು ಕೊಟ್ಟದ್ದು ಅದಾದ ಮೇಲೆ. ಮೂರು ವಾರ ಕಾಯಲು ಒಪ್ಪುವ ಡೀಲರ್ ಸಿಕ್ಕರೆ ಬಿಡಬೇಡಿ. ಇನ್ನೊಬ್ಬ ಗಿರಾಕಿ ನಾಳೆಯೇ ಬರುತ್ತಾನೆ ಅಂತ ಅವಸರ ಮಾಡಿದರೆ, ಆ ಗಿರಾಕಿಯೇ ತೆಗೆದುಕೊಳ್ಳಲಿ ಬಿಡಿ.

ದೊಡ್ಡ ಹೆಸರಿನ ಪಿಯಾನೋ ಅಂತಲೂ ಬರೆದಿದ್ದೀರಿ. ಮುಂದೆ ಬಂಗಾರದ ಅಕ್ಷರದಲ್ಲಿರುವ ಹೆಸರಿಗೂ ಮಾಡಿದವರಿಗೂ ಸಂಬಂಧ ಇರಲೇಬೇಕಂತಿಲ್ಲ. ಕ್ನಾಬೆ 19ನೇ ಶತಮಾನದ ಅಮೆರಿಕದ ಹೆಸರು, ಈಚೆಗೆ ಅದು ಕೊರಿಯಾದ ಸಮಿಕ್ ಕಂಪನಿಯ ಕೈಯಲ್ಲಿದೆ. ಇದರಲ್ಲಿ ತಪ್ಪೇನಿಲ್ಲ, ಆದರೆ ಹಳೆಯ ಹೆಸರಿಗೆ ಬೆಲೆ ಕಟ್ಟುವ ಮುಂಚೆ ಒಳಗಿನ ಸೀರಿಯಲ್ ನಂಬರ್ ಬರೆದುಕೊಳ್ಳಿ. ಬಹಳಷ್ಟು ಕಂಪನಿಗಳ ಪಿಯಾನೋ ಯಾವ ವರ್ಷದ್ದು ಅಂತ ಆ ನಂಬರಿನಿಂದ ತಿಳಿಯುತ್ತದೆ. ಬಿಲ್ಲಿನಲ್ಲೂ ಅದೇ ನಂಬರ್ ಬರೆಸಿ.

ಹೊಸದೋ ಹಳೆಯದೋ ಅನ್ನುವುದಕ್ಕೆ ನಾನು ಜಾಸ್ತಿ ಹೇಳುವುದಿಲ್ಲ. ದುಡ್ಡಿದ್ದರೆ ಹೊಸದು ಕೊಳ್ಳಿ. ಹೊಸ ತಂತಿ ಹಿಗ್ಗುವುದರಿಂದ ಮೊದಲ ವರ್ಷ ಮೂರು ನಾಲ್ಕು ಸಲ ಟ್ಯೂನ್ ಮಾಡಿಸಬೇಕಾಗುತ್ತದೆ. ಹಳೆಯದಾದರೆ ತೀರಾ ಗಿಡ್ಡ ಅಪ್‌ರೈಟ್ ಬೇಡ, ತಂತಿ ಚಿಕ್ಕದಿದ್ದರೆ ತಗ್ಗಿನ ಸ್ವರಗಳು ಮಂಕಾಗಿ ಕೇಳುತ್ತವೆ. ಯಾವುದೇ ಇರಲಿ, ಕೋಣೆಯಲ್ಲಿ ತೇವ ಅಳೆಯುವ ಒಂದು ಚಿಕ್ಕ ಮೀಟರ್ ಇಡಿ. 40 ರಿಂದ 50 ಶೇಕಡದ ಆಸುಪಾಸಿನಲ್ಲಿ, ಜಾಸ್ತಿ ಏರಿಳಿತ ಇಲ್ಲದಿದ್ದರೆ ಪಿನ್ ಬ್ಲಾಕ್ ಸುಖವಾಗಿರುತ್ತದೆ. ಬಿಸಿಲು ಬೀಳುವ ಕಿಟಕಿಯ ಹತ್ತಿರ, ಎಸಿ ಗಾಳಿಗೆ ಎದುರಾಗಿ ಇಡಬೇಡಿ.

ಶನಿವಾರಕ್ಕೆ ಇನ್ನೂ ಮೂರು ದಿನ ಇದೆ. ಟ್ಯೂನರ್ ಇನ್ನೂ ಆ ಅಂಗಡಿಗೆ ಹೋಗಿರಲಿಕ್ಕಿಲ್ಲ. ಈಗಲೇ ಡೀಲರ್‌ಗೆ ಫೋನ್ ಮಾಡಿ, ಟ್ಯೂನಿಂಗ್ ಬೇಡ, ಇದ್ದ ಹಾಗೇ ನೋಡುತ್ತೇವೆ ಅಂತ ಹೇಳಿ. ಅವರು ಏನಂದರು ಅಂತ ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.