ಹುಳುಮನೆಯಲ್ಲಿ ಪ್ರಾರ್ಥನೆ: ಒಂದು ಆಪ್ತಸಲಹೆ ಪ್ರಕರಣ

ಚಿಕ್ಕಬಳ್ಳಾಪುರದಲ್ಲಿ ನಾನು ಆಪ್ತಸಲಹೆಗೆ ಕೂರುವ ಕೋಣೆಗೆ ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಿಂದ ನಲವತ್ತು ದಾಟಿದ ತಾಯಿಯೊಬ್ಬರು ಬಂದಿದ್ದರು. ರೇಷ್ಮೆ ಹುಳು ಸಾಕುವ ಮನೆತನ, ಮೂರು ತಲೆಮಾರಿನಿಂದ ಕ್ರೈಸ್ತರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಬಂದು ಕುಳಿತವರು ಬಹಳ ಹೊತ್ತು ಮಾತನಾಡಲಿಲ್ಲ. ಉಗುರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಸುಣ್ಣದ ಪುಡಿಯನ್ನು ಇನ್ನೊಂದು ಉಗುರಿನಿಂದ ಕೆರೆದು ತೆಗೆಯುತ್ತಾ ಕೂತಿದ್ದು, ಆಮೇಲೆ ತಲೆ ಎತ್ತದೆಯೇ ಹೇಳಿದರು: “ಮೇಡಂ, ನನ್ನ ಮೇಲಿಂದ ದೇವರ ಪ್ರಸನ್ನತೆ ಹೊರಟುಹೋಗಿದೆ. ಎಂಟು ತಿಂಗಳಾಯ್ತು.” ದೇವರು ಜೊತೆಗಿರುವುದನ್ನು ನಮ್ಮ ಸಭೆಗಳಲ್ಲಿ ಪ್ರಸನ್ನತೆ ಎನ್ನುತ್ತೇವೆ.

ಅವರ ದಿನಚರಿಯನ್ನು ಕೇಳಿದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪ್ರಾರ್ಥನೆಗೆ ಮೊಣಕಾಲೂರುತ್ತಾರೆ. ಹತ್ತು ನಿಮಿಷದೊಳಗೆ ಹಾಸಿಗೆಯ ಅಂಚಿಗೆ ತಲೆಯಿಟ್ಟು ನಿದ್ದೆಹೋಗುತ್ತಾರೆ. ಎಚ್ಚರವಾದಾಗ ನಾಚಿಕೆಯಿಂದ ಅಳುತ್ತಾರೆ. ಆಮೇಲೆ ಹಸುವಿನ ಹಾಲು ಕರೆದು ಡೇರಿಗೆ ಹಾಕಬೇಕು, ಪಾರ್ಶ್ವವಾಯುವಿನಿಂದ ಎರಡು ವರ್ಷದಿಂದ ಮಲಗಿರುವ ಅತ್ತೆಯ ಬಟ್ಟೆ ಬದಲಿಸಿ ಮೈ ಒರೆಸಬೇಕು, ತೋಟದಿಂದ ಹಿಪ್ಪುನೇರಳೆ ರೆಂಬೆ ಕಡಿದು ತರಬೇಕು, ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ರಾತ್ರಿ ಕೊನೆಯ ಸೊಪ್ಪು ಹಾಕಿ ಮಲಗುವಾಗ ಹನ್ನೊಂದು ದಾಟಿರುತ್ತದೆ. ಇದರ ಮೇಲೆ ಪ್ರತಿ ಶುಕ್ರವಾರ ಉಪವಾಸ.

ಹಿಂದೆಲ್ಲ ಪ್ರಾರ್ಥಿಸುವಾಗ ಕಣ್ಣೀರು ಬರುತ್ತಿತ್ತು, ಎದೆ ಹಗುರಾಗುತ್ತಿತ್ತು, ಆರಾಧನೆಯಲ್ಲಿ ಮೈ ಜುಮ್ಮೆನ್ನುತ್ತಿತ್ತು. ಈಗ ಏನೂ ಇಲ್ಲ. ಒಂದು ಉಪವಾಸ ಕೂಟಕ್ಕೆ ಬೇರೆ ಊರಿನಿಂದ ಬಂದಿದ್ದ ಪ್ರಸಂಗಿಯೊಬ್ಬರು, ಸಮಾಧಾನವಿಲ್ಲದವರ ಒಳಗೆ ಬಚ್ಚಿಟ್ಟ ಪಾಪವಿರುತ್ತದೆ ಎಂದು ಹೇಳಿ, ಸತ್ಯವೇದದ (ಬೈಬಲಿನ) ಯೆಶಾಯನ ಗ್ರಂಥದ 59ನೇ ಅಧ್ಯಾಯದಲ್ಲಿ ಅಪರಾಧಗಳು ದೇವರಿಗೂ ಜನರಿಗೂ ಅಡ್ಡವಾಗಿವೆ ಎಂಬ ಮಾತನ್ನು ಓದಿ ತೋರಿಸಿದರಂತೆ. ಅಂದಿನಿಂದ ಇವರು ತಮ್ಮ ಬಾಲ್ಯದ ಸುಳ್ಳುಗಳನ್ನೂ ಬಿಡದೆ ನೆನೆನೆನೆದು ಕ್ಷಮೆ ಬೇಡುತ್ತಿದ್ದರು.

ಆತ್ಮಿಕ ಭಾಷೆಯಲ್ಲಿ ಹೇಳಿಕೊಂಡ ದುಃಖಕ್ಕೆ ಆತ್ಮಿಕ ಕಾರಣ ಮಾತ್ರ ಇರುತ್ತದೆಂದು ಆಪ್ತಸಲಹೆಗಾರರು ನಂಬಿಬಿಡಬಾರದು. ಹಸಿವು, ನಿದ್ದೆ, ಮುಟ್ಟು, ಆಯಾಸ ಎಲ್ಲವನ್ನೂ ಕೇಳಿದೆ. ಬದುಕು ಬೇಡವೆನ್ನಿಸಿದೆಯೇ ಎಂದೂ ನೇರವಾಗಿ ಕೇಳಿದೆ. ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಹೆದರುವವರಿದ್ದಾರೆ, ಆದರೆ ಕೇಳದೆ ಬಿಡುವುದೇ ಅಪಾಯ. “ಸಾಯಬೇಕು ಅಂತ ಅನ್ನಿಸಿಲ್ಲ, ಮೇಡಂ. ಮಲಗಿದೋಳು ಏಳೋದೇ ಬೇಡ ಅನ್ನಿಸುತ್ತೆ” ಎಂದರು. ಕ್ರೈಸ್ತಳಾಗಿ ಇದನ್ನು ಯಾರಿಗೂ ಹೇಳಬಾರದೆಂದು ಇಷ್ಟು ದಿನ ನುಂಗಿಕೊಂಡಿದ್ದರು. ಆ ಯೋಚನೆ ಬಲವಾದ ಕ್ಷಣದಲ್ಲಿ ಯಾರನ್ನು ಎಬ್ಬಿಸಬೇಕು ಎಂಬುದನ್ನು ಅಲ್ಲಿಯೇ ಗೊತ್ತುಮಾಡಿಕೊಂಡೆವು. ಗಂಡ ಮತ್ತು ಪಕ್ಕದ ಮನೆಯ ನಾದಿನಿ ಎಂದು ಅವರೇ ಹೇಳಿದರು. ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕನ್ನಡದಲ್ಲಿಯೇ ಮಾತನಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಅವರ ಫೋನಿನಲ್ಲಿ ಬರೆದಿಟ್ಟೆ.

ಮೊದಲ ಸಲಹೆ ವೈದ್ಯರನ್ನು ಕಾಣುವುದು. ವಯಸ್ಕ ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಾಗಬಾರದ ಹಿಮೋಗ್ಲೋಬಿನ್ ಅವರಲ್ಲಿ 8ರ ಹತ್ತಿರ ಇತ್ತು. ಮುಟ್ಟು ನಿಲ್ಲುವ ಮುನ್ನಿನ ವರ್ಷಗಳಲ್ಲಿ ಕೆಲವರಿಗೆ ಆಗುವಂತೆ ಅವರಿಗೂ ಅತಿಯಾದ ರಕ್ತಸ್ರಾವವಾಗುತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮನೋವೈದ್ಯರು ಪರೀಕ್ಷಿಸಿ, ಖಿನ್ನತೆ ಇದೆ, ಸೌಮ್ಯ ಹಂತದಲ್ಲಿದೆ, ರಕ್ತಹೀನತೆಗೆ ಚಿಕಿತ್ಸೆ ಮತ್ತು ಆಪ್ತಸಲಹೆ ನಡೆಯಲಿ, ಆರು ವಾರ ನೋಡಿ ಮಾತ್ರೆಯ ವಿಷಯ ತೀರ್ಮಾನಿಸೋಣ ಎಂದರು. ಉಪವಾಸವನ್ನು ನಿಲ್ಲಿಸಲು ನಾನು ಹೇಳಿದಾಗ ಅವರ ಮುಖದಲ್ಲಿ ಗಾಬರಿ ಕಂಡಿತು. ಆಗ 1 ಅರಸುಗಳು 19ನೇ ಅಧ್ಯಾಯವನ್ನು ತೆಗೆದು ಇಬ್ಬರೂ ಓದಿದೆವು. ಪ್ರವಾದಿ ಎಲೀಯನು ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕಾಯಿತು, ನನ್ನ ಪ್ರಾಣವನ್ನು ತೆಗೆದುಕೋ ಎಂದು ಬೇಡುತ್ತಾನೆ. ದೇವರು ಅವನಿಗೆ ಪ್ರಸಂಗ ಮಾಡುವುದಿಲ್ಲ, ಪಾಪವನ್ನು ಹುಡುಕು ಎನ್ನುವುದಿಲ್ಲ. ನಿದ್ದೆ ಕೊಡುತ್ತಾರೆ, ದೂತನ ಕೈಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕಳಿಸುತ್ತಾರೆ. ತಿಂದು ಮಲಗಿದವನನ್ನು ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸುತ್ತಾರೆ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲ್ಲನೆಯ ಸ್ವರ ಬರುವುದು ಅದಾದ ಮೇಲೆ. “ಎರಡು ಸಲ ತಿನ್ನಿಸಿದ್ರಾ?” ಎಂದು ಅವರು ಆ ವಚನದ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿಕೊಂಡರು. ಆ ಶುಕ್ರವಾರದಿಂದ ಉಪವಾಸ ನಿಂತಿತು. ನಾಲ್ಕರ ಬದಲು ಐದೂವರೆಗೆ ಏಳತೊಡಗಿದರು.

ಯೆಶಾಯನ 59ನೇ ಅಧ್ಯಾಯವನ್ನೂ ಮುಂದಕ್ಕೆ ಓದಿಸಿದೆ. ರಕ್ತದಿಂದ ಮಲಿನವಾದ ಕೈಗಳು, ನ್ಯಾಯಸ್ಥಾನದಲ್ಲಿ ಹೇಳುವ ಸುಳ್ಳು, ನಿರಪರಾಧಿಗಳ ಮೇಲಿನ ಹಿಂಸೆ, ಇವುಗಳಲ್ಲಿ ಮುಳುಗಿದ ಒಂದು ಜನಾಂಗಕ್ಕೆ ಪ್ರವಾದಿ ಹೇಳಿದ ಮಾತದು. ನಿದ್ದೆಗೆಟ್ಟು ಅತ್ತೆಯ ಮೈ ಒರೆಸುವ ಹೆಂಗಸಿನ ಮೇಲೆ ಅದನ್ನು ಹೊರಿಸುವುದು ಸತ್ಯವೇದಕ್ಕೂ ಆ ಹೆಂಗಸಿಗೂ ಮಾಡುವ ಅನ್ಯಾಯವೆಂದು ನಾನು ನಂಬಿದ್ದೇನೆ, ಅದನ್ನು ಅವರಿಗೆ ಹಾಗೆಯೇ ಹೇಳಿದೆ.

ಇದಾದ ಮೇಲೆ ನಾನೊಂದು ತಪ್ಪು ಮಾಡಿದೆ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಸುಮ್ಮನೆ ದೇವರ ಮುಂದೆ ಕೂರಿ ಎಂದು ಸಲಹೆ ಕೊಟ್ಟೆ. ಪುಸ್ತಕದಲ್ಲಿ ಒಳ್ಳೆಯದಾಗಿ ಕಾಣುವ ಸಲಹೆ. ಎರಡು ವಾರ ಬಿಟ್ಟು ಬಂದವರು ಮಗಳ ಹಳೆಯ ನೋಟ್‌ಬುಕ್ ತೆಗೆದು ತೋರಿಸಿದರು. ದಿನಕ್ಕೆರಡು ಚೌಕ ಗೆರೆ ಎಳೆದು, ಕೂತ ಹೊತ್ತಿಗೆ ಸರಿ ಗುರುತು, ಕೂರಲಾಗದ ಹೊತ್ತಿಗೆ ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದ್ದರು. ಹುಳು ಕೊನೆಯ ಹಂತಕ್ಕೆ ಬಂದ ವಾರವಂತೂ ಪುಟವೆಲ್ಲ ಕೆಂಪು. “ಇದೂ ನನ್ನಿಂದ ಆಗ್ಲಿಲ್ಲ” ಎಂದರು. ಹೊರೆ ಇಳಿಸಲು ಬಂದವರ ತಲೆಯ ಮೇಲೆ ನಾನು ಇನ್ನೊಂದು ಹೊರೆ ಇಟ್ಟಿದ್ದೆ. ಕ್ಷಮಿಸಿ ಎಂದು ಕೇಳಿ, ಆ ಪುಟಗಳನ್ನು ಬದಿಗಿಟ್ಟು, ಹುಳುಮನೆಯಲ್ಲಿ ನೀವು ಒಬ್ಬರೇ ಇರುವ ಹೊತ್ತು ಹೇಗಿರುತ್ತದೆ ಹೇಳಿ ಎಂದೆ.

ಅವರ ಧ್ವನಿ ಆಗ ಮೊದಲ ಬಾರಿಗೆ ಸಲೀಸಾಯಿತು. ರಾತ್ರಿ ಸೊಪ್ಪು ಹಾಕಿದ ಮೇಲೆ ಸಾವಿರಾರು ಹುಳುಗಳು ಒಟ್ಟಿಗೆ ಮೇಯುವ ಸದ್ದು ಎಲೆಗಳ ಮೇಲೆ ಸೋನೆಮಳೆ ಹಿಡಿದಂತೆ ಕೇಳುತ್ತದೆ ಎಂದರು. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಕಳೆದ ಹುಳು ತರುತ್ತಾರೆ. ಮನೆಯಲ್ಲಿ ಮೂರನೆಯ ಜ್ವರ, ನಾಲ್ಕನೆಯ ಜ್ವರ ಆಗುತ್ತದೆ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರವೆಂದೇ ಹೆಸರು. “ಜ್ವರಕ್ಕೆ ಕೂತ್ರೆ ಆ ಸದ್ದೆಲ್ಲ ನಿಂತುಹೋಗುತ್ತೆ. ತಲೆ ಮೇಲಕ್ಕೆತ್ತಿಕೊಂಡು ಅಲ್ಲಾಡದೆ ಕೂತಿರ್ತವೆ. ಗೊತ್ತಿಲ್ಲದೋರು ನೋಡಿದ್ರೆ ಹುಳ ಹೋಯ್ತು ಅನ್ಕೋತಾರೆ. ಆವಾಗ ಸೊಪ್ಪು ಹಾಕಬಾರದು, ಮುಟ್ಟಬಾರದು.” ಇಷ್ಟು ಹೇಳಿ ನಿಲ್ಲಿಸಿದರು. ನಾನೂ ಸುಮ್ಮನಿದ್ದೆ. ಬಹಳ ಹೊತ್ತಾದ ಮೇಲೆ ಕೇಳಿದರು: “ನಂದೂ ಜ್ವರಾನಾ, ಮೇಡಂ?”

ಹೌದು ಎನ್ನಲು ನನಗೆ ಆಸೆಯಾಯಿತು, ಆದರೆ ಹೇಳಲಿಲ್ಲ. ಹೋಲಿಕೆ ಅವರದು, ಅದರ ಅರ್ಥವೂ ಅವರ ಕೈಯಲ್ಲೇ ಬೆಳೆಯಬೇಕಿತ್ತು. ಆ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ ಎಂದಷ್ಟೇ ಕೇಳಿದೆ. “ಸುಣ್ಣ ಉದುರಿಸ್ತೀನಿ. ಹಾಸಿಗೆ ಒಣಗಿರಬೇಕು. ಗಾಳಿಯಾಡೋ ಹಾಗೆ ನೋಡ್ಕೋತೀನಿ. ಕಾಯ್ತೀನಿ.” ಸದ್ದು ನಿಂತಾಗ ಹುಳುವಿನ ಮೇಲೆ ಸಿಟ್ಟಾಗುತ್ತೀರಾ ಎಂದೆ. ನಕ್ಕರು.

ಮುಂದಿನ ಭೇಟಿಗಳ ಸಲಹೆಯೆಲ್ಲ ಇಲ್ಲಿಂದಲೇ ಹೊರಟಿತು. ದೇವರ ಪ್ರಸನ್ನತೆಯೆಂದರೆ ನಮ್ಮ ಎದೆಯಲ್ಲಿ ಉಕ್ಕುವ ಭಾವನೆಯೇ ಎಂದು ನಾವು ತಿಳಿದುಕೊಂಡರೆ, ರಕ್ತ ಕಡಿಮೆಯಾದ ದಿನ ದೇವರೂ ಕಡಿಮೆಯಾದಂತೆ ತೋರುತ್ತದೆ. ಬೇತೇಲಿನಲ್ಲಿ ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದ ಯಾಕೋಬನು ಎಚ್ಚೆತ್ತು, ಕರ್ತನು ಈ ಸ್ಥಳದಲ್ಲಿದ್ದಾನೆ, ನನಗೆ ಅದು ತಿಳಿದಿರಲಿಲ್ಲ ಎಂದ. ಅವನಿಗೆ ತಿಳಿಯದಿದ್ದಾಗಲೂ ಕರ್ತನು ಅಲ್ಲಿದ್ದನು. ಆದ್ದರಿಂದ ಹೊಸದಾಗಿ ಸಮಯ ಹುಡುಕುವುದು ಬೇಡ, ಈಗಾಗಲೇ ಮಾಡುತ್ತಿರುವ ಎರಡು ಕೆಲಸಗಳನ್ನು ಆರಿಸಿಕೊಳ್ಳಿ ಎಂದೆ. ರಾತ್ರಿ ಕೊನೆಯ ಸೊಪ್ಪು ಹಾಕುವುದನ್ನೂ ಅತ್ತೆಯ ಮೈ ಒರೆಸುವುದನ್ನೂ ಅವರು ಆರಿಸಿಕೊಂಡರು. ರೆಂಬೆ ಹರಡುತ್ತಾ 23ನೇ ಕೀರ್ತನೆಯ ಒಂದೊಂದೇ ಸಾಲು. ಅತ್ತೆಯ ಕೈ ಒರೆಸುತ್ತಾ “ಕರ್ತನೇ, ನೀನು ಇಲ್ಲಿದ್ದೀ” ಎಂಬ ಒಂದು ಮಾತು. ಏನೂ ಅನ್ನಿಸದಿದ್ದರೂ ಆ ಮಾತು ಸುಳ್ಳಾಗುವುದಿಲ್ಲ.

ಇದು ನಾನು ಕಂಡುಹಿಡಿದದ್ದಲ್ಲ. ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಬಹುಕಾಲ ಅಡುಗೆಮನೆಯಲ್ಲಿ ದುಡಿದು, ಆಮೇಲೆ ಮಠದವರ ಪಾದರಕ್ಷೆ ಹೊಲಿದು, 1691ರಲ್ಲಿ ತೀರಿಕೊಂಡ ಸಹೋದರ ಲಾರೆನ್ಸ್, ಪಾತ್ರೆಗಳ ಗದ್ದಲದ ನಡುವೆಯೂ ಪ್ರಾರ್ಥನೆಯ ವೇಳೆಯಲ್ಲಿ ಇರುವಂತೆಯೇ ದೇವರೊಡನೆ ಇರಬಹುದೆಂದು ಹೇಳಿದವರು. ಅವರ ಬಗ್ಗೆ ಹೇಳುವವರು ಅವರ ಸಮಾಧಾನವನ್ನು ಮಾತ್ರ ಹೇಳುತ್ತಾರೆ. ಮೊದಲ ಹತ್ತು ವರ್ಷ ಬಹಳ ಸಂಕಟಪಟ್ಟೆ ಎಂದು ಅವರೇ ಬರೆದದ್ದನ್ನು ಬಿಟ್ಟುಬಿಡುತ್ತಾರೆ. ನಾನು ಅದನ್ನೇ ಮೊದಲು ಹೇಳಿದೆ.

ಆದರೆ ಒಂದು ಎಚ್ಚರಿಕೆ ಬೇಕು. ಎಲ್ಲ ಕೆಲಸವೂ ಆರಾಧನೆ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹೆಂಗಸರ ಬಾಯಿ ಮುಚ್ಚಿಸಲು ಬಳಸುವುದುಂಟು. ಲೂಕನ 10ನೇ ಅಧ್ಯಾಯದಲ್ಲಿ ಯೇಸುವಿನ ಉಪಚಾರದ ಗಡಿಬಿಡಿಯಲ್ಲಿದ್ದ ಮಾರ್ಥಳನ್ನು ಉದಾಹರಿಸಿ, ಕೆಲಸದಲ್ಲಿ ಮುಳುಗಬೇಡಿ ಎಂದು ಬೈದು, ಅದೇ ಕೂಟದ ಊಟವನ್ನು ಅದೇ ಹೆಂಗಸರಿಂದ ಬಡಿಸಿಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ. ಯೋಹಾನನ 11ನೇ ಅಧ್ಯಾಯದಲ್ಲಿ ಯೇಸುವನ್ನು ಕ್ರಿಸ್ತನೆಂದು ಬಾಯಿಬಿಟ್ಟು ಅರಿಕೆಮಾಡಿದವಳು ಇದೇ ಮಾರ್ಥಳು. ಹೀಗಾಗಿ ಗಂಡನನ್ನು ಕರೆಸಿದೆ. ಒಳ್ಳೆಯ ಮನುಷ್ಯ, ಹೆಂಡತಿಗೆ ರಕ್ತ ಕಡಿಮೆಯಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ರಾತ್ರಿ ತಾಯಿಯನ್ನು ಮಗ್ಗುಲು ಬದಲಿಸಿ ಮಲಗಿಸುವ ಕೆಲಸವನ್ನು ತಾವು ವಹಿಸಿಕೊಂಡರು. ಕೊನೆಯ ಹಂತದ ವಾರ ಸೊಪ್ಪು ಕಡಿಯಲು ಕೂಲಿಯಾಳಿಗೆ ಬೆಂಗಳೂರಿನಲ್ಲಿ ದುಡಿಯುವ ಮಗ ಹಣ ಕಳಿಸಲೊಪ್ಪಿದ.

ಈ ತಾಯಿಯ ಒಪ್ಪಿಗೆ ಪಡೆದು ಸಭಾಪಾಲಕರೊಡನೆಯೂ ಮಾತನಾಡಿದೆ. ಅಯ್ಯನವರು ಮನೆಗೆ ಹೋಗಿ, ಬೋಧಿಸದೆ, ಅತ್ತೆಯ ಮಂಚದ ಪಕ್ಕ ಕುಳಿತು 13ನೇ ಕೀರ್ತನೆಯನ್ನು ಓದಿದರಂತೆ. ಎಷ್ಟರವರೆಗೆ ನನ್ನನ್ನು ಮರೆತಿರುವೆ ಎಂದು ದೇವರನ್ನೇ ಕೇಳುವ ಕೀರ್ತನೆ ಅದು. ದೇವರ ಮುಂದೆ ಹೀಗೂ ಮಾತನಾಡಬಹುದೆಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲವೆಂದು ಈ ತಾಯಿ ಅಚ್ಚರಿಪಟ್ಟರು. 150 ಕೀರ್ತನೆಗಳಲ್ಲಿ ಇಂಥ ಮೊರೆಗಳು ಎಷ್ಟೋ ಇವೆ; 88ನೆಯದಂತೂ ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆಯೆಂದೇ ಸತ್ಯವೇದದಲ್ಲಿ ಸೇರಿಸಿದ್ದಾರೆ. ಮಲಗುವ ಮುನ್ನ ಆ ದಿನದ ಒಂದು ಒಳ್ಳೆಯದನ್ನೂ ಒಂದು ನೋವನ್ನೂ ದೇವರಿಗೆ ಹೇಳಿ ಮಲಗಿ, ನೋವನ್ನು ಹೇಳುವಾಗ ಭಾಷೆಯನ್ನು ತಿದ್ದಬೇಡಿ ಎಂದಿದ್ದೆ. ಒಂದು ರಾತ್ರಿ ಅವರು ಹೇಳಿದ್ದು ಇಷ್ಟೇ: “ನಂಗೆ ಸಾಕಾಗಿದೆ, ಸ್ವಾಮಿ.” ಅದಕ್ಕೆ ಕ್ಷಮೆ ಕೇಳಲಿಲ್ಲವೆಂದು ನನಗೆ ತಿಳಿಸಿದರು.

ಮುಂದಿನ ಬೆಳೆಯಲ್ಲಿ ಹುಳು ಹಣ್ಣಾದ ದಿನ ಸಭೆಯ ನಾಲ್ವರು ಹೆಂಗಸರು ಮುಯ್ಯಾಳಾಗಿ ಬಂದು, ಗೂಡು ಕಟ್ಟಿಸುವ ತಟ್ಟೆಯಾದ ಚಂದ್ರಿಕೆಗೆ ಹುಳು ಬಿಡಲು ಕೈಗೂಡಿಸಿದರು. ಕೈ ಕೆಲಸ ಮಾಡುತ್ತಿದ್ದಾಗ ಯಾರೋ ಒಬ್ಬರು ಹಾಡು ಎತ್ತಿಕೊಂಡರಂತೆ. ತಾನು ಹಾಡಲಿಲ್ಲ, ಕೇಳುತ್ತಿದ್ದೆ ಎಂದರು.

ಐದನೆಯ ತಿಂಗಳಿನಲ್ಲಿ ಹಿಮೋಗ್ಲೋಬಿನ್ 11ಕ್ಕೆ ಬಂದಿತ್ತು. ಏಳಬಾರದೆಂಬ ಯೋಚನೆ ಎರಡು ತಿಂಗಳಿಂದ ಬಂದಿರಲಿಲ್ಲ. ಖಿನ್ನತೆಗೆ ಮಾತ್ರೆಯ ಅಗತ್ಯ ಸದ್ಯಕ್ಕಿಲ್ಲವೆಂದು ಮನೋವೈದ್ಯರು ಹೇಳಿದ್ದರು. ಅತ್ತೆಯ ಸ್ಥಿತಿ ಹಾಗೆಯೇ ಇದೆ, ಗೂಡಿನ ಬೆಲೆ ಏರಿಳಿಯುತ್ತಲೇ ಇದೆ. ಪ್ರಾರ್ಥನೆಯಲ್ಲಿ ಹಿಂದಿನ ಕಣ್ಣೀರು ಬಂದಿಲ್ಲ. ಸಮಾಧಾನ ಹೇಗಿದೆ ಎಂದು ನಾನು ಕೇಳಿದಾಗ ಅವರು ಸ್ವಲ್ಪ ಯೋಚಿಸಿ, “ಇದೆಯೋ ಇಲ್ಲವೋ ಅಂತ ದಿನಾ ನೋಡ್ಕೋತಿದ್ನಲ್ಲ ಮೇಡಂ, ಅದನ್ನ ಮರೆತೇಬಿಟ್ಟಿದೀನಿ” ಎಂದರು.

ತಿಂಗಳಿಗೊಮ್ಮೆ ಬರುವುದನ್ನು ಮುಂದುವರಿಸಿದ್ದಾರೆ. ಮುಂದಿನ ಭೇಟಿಯನ್ನು ನಾಲ್ಕನೆಯ ಜ್ವರದ ದಿನಕ್ಕೆ ಇಟ್ಟುಕೊಂಡಿದ್ದೇವೆ. ಅಂದು ಸೊಪ್ಪು ಹಾಕುವ ಕೆಲಸವಿರುವುದಿಲ್ಲ, ಊಟ ಮುಗಿಸಿಕೊಂಡು ನಿಧಾನವಾಗಿ ಬರುತ್ತೇನೆ ಎಂದಿದ್ದಾರೆ.