ಬೋಲ್ಟ್ ಆಕ್ಷನ್ ಪೆನ್ನಿನ ಬೋಲ್ಟ್ ಕಚ್ಚಿನಲ್ಲಿ ನಿಲ್ಲುತ್ತಿಲ್ಲ: ಕಿಟ್ಟಿನ ದೋಷವೇ, ಮರದ ದೋಷವೇ?

ಹಾಸನದ ನಿಮ್ಮ ಮನೆಯ ಸಣ್ಣ ಲೇತ್‌ನಲ್ಲಿ ಕಾಫಿ ಗಿಡದ ಕಟ್ಟಿಗೆಯನ್ನು ಕಡೆದು, ಬಂದೂಕಿನ ಬೋಲ್ಟ್ ಮಾದರಿಯ ಪೆನ್ ಕಿಟ್ (ಮರದೊಳಗೆ ಅಂಟಿಸುವ ಹಿತ್ತಾಳೆ ಕೊಳವೆ, ಮೊನೆ, ಬೋಲ್ಟ್, ಸ್ಪ್ರಿಂಗ್ ಮೊದಲಾದ ಸಿದ್ಧ ಭಾಗಗಳು) ಜೋಡಿಸಿದ್ದೀರಿ. ಬೋಲ್ಟನ್ನು ಮುಂದಕ್ಕೆ ತಳ್ಳಿ ಪಕ್ಕಕ್ಕೆ ತಿರುಗಿಸಿದರೆ ಅದು ಸೀಳಿನ ಕೊನೆಯ ಕಚ್ಚಿಗೆ ಇಳಿಯದೆ ಹಿಂದಕ್ಕೆ ಚಿಮ್ಮುತ್ತದೆ, ಚಿಮ್ಮಿದ ಮೇಲೂ ರೀಫಿಲ್ಲಿನ ಮೊನೆ ಚೂರು ಹೊರಗೇ ಉಳಿಯುತ್ತದೆ ಎಂದಿದ್ದೀರಿ. ಈ ಎರಡು ಲಕ್ಷಣಗಳು ಒಟ್ಟಿಗೆ ಕಂಡರೆ ಕಿಟ್ಟನ್ನು ದೂರಬೇಕಾಗಿಲ್ಲ. ನಿಮ್ಮ ಪೆನ್ನಿನ ಒಡಲು ತುಸು ಗಿಡ್ಡವಾಗಿದೆ, ಅಷ್ಟೆ. ಚಿಕ್ಕಮಗಳೂರಿನಲ್ಲಿ ನಾನು ಮಾಡಿದ ಮೂರನೆಯ ಪೆನ್ನಿಗೂ ಇದೇ ಗತಿಯಾಗಿತ್ತು, ಮತ್ತು ನಾನು ಒಂದು ವಾರ ಸ್ಪ್ರಿಂಗನ್ನೇ ಬೈಯುತ್ತಾ ಕುಳಿತಿದ್ದೆ.

ಮಳೆಗಾಲದಲ್ಲಿ ಮರ ಕುಗ್ಗಿರಬಹುದೇ ಎಂಬ ನಿಮ್ಮ ಅನುಮಾನವನ್ನು ಮೊದಲು ಬದಿಗಿಡೋಣ. ಮರ ತೇವಕ್ಕೆ ಹಿಗ್ಗುವುದೂ ಒಣಗಿದಾಗ ಕುಗ್ಗುವುದೂ ಮುಖ್ಯವಾಗಿ ಎಳೆಗೆ ಅಡ್ಡಲಾಗಿ. ಎಳೆಯ ಉದ್ದಕ್ಕೆ ಆಗುವ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಹಸಿ ಕಾಫಿ ಕಟ್ಟಿಗೆ ಒಳಗಿನ ಹಿತ್ತಾಳೆ ಕೊಳವೆಯ ಮೇಲೆ ಒಣಗುತ್ತಾ ಬಂದರೆ ಉದ್ದುದ್ದಕ್ಕೆ ಸೀಳುತ್ತದೆಯೇ ಹೊರತು ಗಿಡ್ಡವಾಗುವುದಿಲ್ಲ. ಗಿಡ್ಡ ಮಾಡಿದ್ದು ಬಹುಶಃ ತುದಿ ಹೆರೆಯುವ ನಿಮ್ಮ ಟ್ರಿಮ್ಮರ್. ಕೊಳವೆ ಅಂಟಿಸಿದ ಮೇಲೆ ತುಂಡಿನ ಎರಡೂ ತುದಿಗಳನ್ನು ಮಟ್ಟ ಮಾಡುವಾಗ, ಹಿತ್ತಾಳೆಯ ಅಂಚು ಉಂಗುರದಂತೆ ಪೂರ್ತಿಯಾಗಿ ಹೊಳೆದ ಕ್ಷಣವೇ ಕೈ ನಿಲ್ಲಬೇಕು. ಕಾಫಿ ಕಟ್ಟಿಗೆ ಗಟ್ಟಿಯಾದದ್ದರಿಂದ ನಾವು ಜೋರಾಗಿ ಒತ್ತುತ್ತೇವೆ, ಮರ ಮುಗಿದದ್ದು ತಿಳಿಯದೆ ಹಿತ್ತಾಳೆಯನ್ನೂ ಅರೆ ಮಿಲಿಮೀಟರಿನಷ್ಟು ತಿಂದುಬಿಡುತ್ತೇವೆ. ಎರಡೂ ತುದಿಯಲ್ಲಿ ಹೀಗಾದರೆ ಒಂದು ಮಿಲಿಮೀಟರ್ ಹೋಯಿತು.

ಸಾಧಾರಣ ತಿರುಗಿಸುವ ಪೆನ್ನಿನಲ್ಲಿ, ಅಂದರೆ ಸ್ಲಿಮ್‌ಲೈನ್ ಕಿಟ್ಟಿನಲ್ಲಿ, ರೀಫಿಲ್ಲನ್ನು ಹಿಂದೆ ಮುಂದೆ ಸರಿಸುವ ಒಳಗಿನ ಟ್ರಾನ್ಸ್‌ಮಿಷನ್ನನ್ನು ಎಷ್ಟು ಆಳಕ್ಕೆ ಒತ್ತುತ್ತೇವೆ ಎಂಬುದರ ಮೇಲೆ ಮೊನೆ ಹೊರಬರುವ ಅಳತೆಯನ್ನು ಸರಿಪಡಿಸಿಕೊಳ್ಳಬಹುದು. ಬೋಲ್ಟ್ ಕಿಟ್ಟಿನಲ್ಲಿ ಆ ಅನುಕೂಲವಿಲ್ಲ. ಪಾರ್ಕರ್ ಮಾದರಿಯ ರೀಫಿಲ್ ಸುಮಾರು 98 ಮಿ.ಮೀ. ಉದ್ದವಿರುತ್ತದೆ, ಬೋಲ್ಟ್ ಓಡಾಡುವ ಸೀಳಿನ ಉದ್ದವೂ ನಿಗದಿಯಾಗಿರುತ್ತದೆ. ಒಡಲು ಗಿಡ್ಡವಾದರೆ ಬೋಲ್ಟ್ ಕಚ್ಚನ್ನು ಮುಟ್ಟುವ ಮೊದಲೇ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ಕಲ್ಲಿನಂತೆ ನಿಂತುಬಿಡುತ್ತವೆ. ಆದ್ದರಿಂದಲೇ ಸ್ಪ್ರಿಂಗನ್ನು ಒಂದೆರಡು ಸುತ್ತು ಕತ್ತರಿಸಿದರೆ ಸರಿಹೋಗುತ್ತದೆ ಎನ್ನಿಸುತ್ತದೆ. ದಯವಿಟ್ಟು ಕತ್ತರಿಸಬೇಡಿ. ಬೋಲ್ಟ್ ಕಚ್ಚಿಗೇನೋ ಬೀಳುತ್ತದೆ, ಆದರೆ ಅದನ್ನು ಅಲ್ಲಿ ಹಿಡಿದಿಡುವ ಬಲ ಕಡಿಮೆಯಾಗುತ್ತದೆ, ಮೊನೆಯಂತೂ ಹೊರಗೇ ಇರುತ್ತದೆ, ಅಂಗಿಯ ಜೇಬಿಗೆ ಶಾಯಿ ತಪ್ಪಿದ್ದಲ್ಲ.

ಕಿಟ್ಟಿನಿಂದ ಕಿಟ್ಟಿಗೆ ಜೋಡಣೆ ಕೊಂಚ ಬೇರೆಯಿರುತ್ತದೆ. ನನ್ನದರಲ್ಲಿ ಮೊನೆಯ ಭಾಗವನ್ನು ಒಂದು ತುದಿಗೂ ಮರೆಯ (ತಿರುಪಿನ ಸುತ್ತುಗಳಿರುವ) ಜೋಡಿಸುವ ಬಿಲ್ಲೆ, ಅಂದರೆ ಕಪ್ಲರನ್ನು ಇನ್ನೊಂದು ತುದಿಗೂ ಒತ್ತಿ ಕೂರಿಸಿ, ಬೋಲ್ಟಿನ ಭಾಗವನ್ನು ಆ ಕಪ್ಲರಿಗೆ ತಿರುಗಿಸಿ ಹಾಕಬೇಕು. ನಿಮ್ಮದೂ ಹೀಗಿದ್ದರೆ ಪರೀಕ್ಷೆ ಸುಲಭ. ಬೋಲ್ಟಿನ ಭಾಗವನ್ನು ಒಂದು ಸುತ್ತು ಸಡಿಲಿಸಿ ಬೋಲ್ಟನ್ನು ತಳ್ಳಿ ನೋಡಿ. ಇಳಿಯದಿದ್ದರೆ ಇನ್ನೂ ಅರ್ಧ ಸುತ್ತು. ಯಾವುದೋ ಒಂದು ಹಂತದಲ್ಲಿ ಅದು ಟಕ್ಕೆಂದು ಕಚ್ಚಿಗೆ ಕೂರುತ್ತದೆ, ಬಿಟ್ಟಾಗ ಮೊನೆಯೂ ಒಳಗೆ ಹೋಗುತ್ತದೆ. ಆಗ ಮರಕ್ಕೂ ಬೋಲ್ಟಿನ ಭಾಗಕ್ಕೂ ನಡುವೆ ಬಿಟ್ಟುಕೊಂಡ ಸಂದನ್ನು ಕ್ಯಾಲಿಪರಿನಿಂದ ಅಳೆಯಿರಿ. ನನ್ನ ಪೆನ್ನಿನಲ್ಲಿ ಅದು 1.2 ಮಿ.ಮೀ. ಇತ್ತು. ನಿಮಗೆ ಬೇಕಾದ ಉಂಗುರದ ದಪ್ಪ ಅದೇ. ಒತ್ತಿ ಕೂರಿಸಿದ ಯಾವ ಭಾಗವನ್ನೂ ಕೀಳುವ ಅಗತ್ಯವಿಲ್ಲ. ಬಡಗಿಯೊಬ್ಬರು ಕೊಟ್ಟಿದ್ದ ಬೀಟೆಯ ಚೂರಿನಿಂದ ನಾನು ತೆಳುವಾದ ಉಂಗುರವೊಂದನ್ನು ಕಡೆದು ಆ ಸಂದಿಗೆ ಹಾಕಿದೆ. ಬಿಳಿಚು ಬಣ್ಣದ ಕಾಫಿ ಮರದ ಮೇಲೆ ಆ ಕಪ್ಪು ಗೆರೆ ಬೇಕೆಂದೇ ಇಟ್ಟ ಅಲಂಕಾರದಂತೆ ಕಾಣುತ್ತದೆ, ಕೇಳಿದವರಿಗೆ ನಾನೂ ಹಾಗೆಯೇ ಹೇಳಿದ್ದೇನೆ. ಸಂದು ಎರಡು ಮಿಲಿಮೀಟರಿಗಿಂತ ಹೆಚ್ಚಾದರೆ ಮಾತ್ರ ತಿರುಪಿನ ಮರೆ ಹಿಡಿಯುವುದು ಸಾಲದಾಗಬಹುದು. ಆಗ ಹೊಸ ಕೊಳವೆ, ಹೊಸ ಕಟ್ಟಿಗೆ.

ಸಡಿಲಿಸಿದರೂ ಬೋಲ್ಟ್ ಒರಟಾಗಿಯೇ ಚಲಿಸುತ್ತಿದ್ದರೆ ಕೊಳವೆಯೊಳಗೆ ಸೂಪರ್ ಗ್ಲೂ ಗಟ್ಟಿಯಾಗಿರಬೇಕು. ಕಿವಿಯ ಹತ್ತಿಕಡ್ಡಿಗೆ ಅಸಿಟೋನ್ ಹಚ್ಚಿ ತಾಳ್ಮೆಯಿಂದ ಉಜ್ಜಿದರೆ ಅದು ಮೆತ್ತಗಾಗುತ್ತದೆ, ಆದರೆ ಹೊರಮೈಗೂ ಅದೇ ಅಂಟಿನ ಮೆರುಗು ಕೊಟ್ಟಿದ್ದರೆ ಒಂದು ಹನಿಯೂ ಅಲ್ಲಿಗೆ ತಾಗಬಾರದು. ಮುಂದಿನ ಸಲ ಅಂಟಿಸುವ ಮುನ್ನ ಕೊಳವೆಯ ತುದಿಗಳನ್ನು ಹಸಿ ಆಲೂಗಡ್ಡೆಯ ಬಿಲ್ಲೆಗೆ ಒತ್ತಿ ತೆಗೆಯಿರಿ. ಬಾಯಿಗೆ ಬಿರಡೆ ತಾನಾಗಿ ಕೂರುತ್ತದೆ, ಅಂಟು ಒಳಗೆ ನುಸುಳುವುದಿಲ್ಲ, ಆರಿದ ಮೇಲೆ ಕಡ್ಡಿಯಿಂದ ತಳ್ಳಿದರೆ ಬಿದ್ದುಹೋಗುತ್ತದೆ. ಹಾಸನದವರಿಗೆ ಆಲೂಗಡ್ಡೆ ಎಲ್ಲಿ ಸಿಗುತ್ತದೆಂದು ನಾನು ಹೇಳಬೇಕಾಗಿಲ್ಲ.

ಸ್ಪ್ರಿಂಗ್ ಹಾಕುವಾಗ ಎರಡೂ ಕೈಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಕೆಲಸ ಮಾಡಿ, ಹಾರಿದರೂ ಚೀಲದಲ್ಲೇ ಬೀಳುತ್ತದೆ. ಬೋಲ್ಟಿನ ಗುಂಡಿ ಮರೆಯಿಂದ ಕೂರುವಂಥದ್ದಾದರೆ, ಉಂಗುರ ಹಾಕಿ ಹತ್ತಿಪ್ಪತ್ತು ಸಲ ತಳ್ಳಿ ಬಿಟ್ಟು ನೋಡಿದ ನಂತರವೇ ಅದರ ಮರೆಗೆ ಒಂದು ಚುಕ್ಕೆ ಉಗುರುಬಣ್ಣ ಹಚ್ಚಿ ಬಿಗಿ ಮಾಡಿ.